ಸಂವಿಧಾನದ ಉಪನ್ಯಾಸ ಕನ್ನಡದಲ್ಲೇ ಆಗಬೇಕೆ?

ಶನಿವಾರ, ಭಾನುವಾರ ಬಂತೆಂದರೆ ದೊಮ್ಮಲೂರಿನಿಂದ ಬಸವನಗುಡಿವರೆಗೆ ಬೆಂಗಳೂರಿನ ಯಾವುದಾದರೂ ಸಭಾಂಗಣದಲ್ಲಿ ಕಾನೂನು, ಸಂವಿಧಾನದ ಬಗ್ಗೆ ಮಾತುಕತೆ ಇರುತ್ತದೆ. ‘ಎಲ್ಲರಿಗೂ ಸ್ವಾಗತ’ ಎಂಬ ಫಲಕ ಹೊರಗೆ, ಬಹಳ ಸಲ ಬರೀ ಇಂಗ್ಲಿಷು ಒಳಗೆ. ಸಾರ್ವಜನಿಕರಿಗೆಂದೇ ನಡೆಸುವ ಇಂಥ ಸಭೆಗಳು ಕನ್ನಡದಲ್ಲೇ ನಡೆಯಬೇಕೆ? ಎರಡು ಅಭಿಪ್ರಾಯಗಳು ಇಲ್ಲಿವೆ.

ಪರ: ಆ ಪ್ರಶ್ನೆ ವೇದಿಕೆ ಮುಟ್ಟಲೇ ಇಲ್ಲ

ಭೂಸ್ವಾಧೀನದ ಮೇಲಿನ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಪ್ರಶ್ನೋತ್ತರದ ಹೊತ್ತಿಗೆ ಹಿಂದಿನ ಸಾಲಿನಲ್ಲಿದ್ದ ಆನೇಕಲ್ ಕಡೆಯ ಹಿರಿಯರೊಬ್ಬರು ಮೈಕು ಇಸಿದುಕೊಂಡರು. “ಸ್ವಾಮಿ, ಕಾಯಿದೇಲಿ ‘ಅಥವಾ’ ಅಂತ ಬರ್ದವ್ರೆ. ಸುಪ್ರೀಂ ಕೋರ್ಟು ಅದನ್ನ ‘ಮತ್ತು’ ಅಂತ ಓದ್ತಂತೆ. ಹಂಗೆ ಓದೋಕೆ ಬತ್ತದಾ?”

ನಿರೂಪಕರು ಅದನ್ನು ಇಂಗ್ಲಿಷಿಗೆ ತಂದದ್ದು ಒಂದೇ ಸಾಲಿನಲ್ಲಿ: ಇವರು ಪರಿಹಾರದ ಬಗ್ಗೆ ಕೇಳುತ್ತಿದ್ದಾರೆ. ಭಾಷಣಕಾರರು ಪರಿಹಾರದ ಬಗ್ಗೆ ಐದು ನಿಮಿಷ ಮಾತಾಡಿದರು. ಹಿರಿಯರು ನಿಂತೇ ಕೇಳಿಸಿಕೊಂಡು, ಮೈಕು ಕೊಟ್ಟು ಕೂತರು.

ಆ ಸಂಜೆ ಯಾರೂ ಕೇಳದಷ್ಟು ಒಳ್ಳೆಯ ಪ್ರಶ್ನೆ ಅದಾಗಿತ್ತು. 2013ರ ಭೂಸ್ವಾಧೀನ ಕಾಯಿದೆಯ 24(2)ನೇ ಸೆಕ್ಷನ್ ನೋಡಿ. 1894ರ ಹಳೆಯ ಕಾಯಿದೆಯಡಿ ಐತೀರ್ಪು, ಅಂದರೆ ಪರಿಹಾರ ನಿಗದಿ ಮಾಡುವ ಆದೇಶ, ಆಗಿ ಹೊಸ ಕಾಯಿದೆ ಜಾರಿಗೆ ಬರುವ ಹೊತ್ತಿಗೆ ಐದು ವರ್ಷ ದಾಟಿದೆ. ಆದರೆ ಸರ್ಕಾರ ಜಮೀನನ್ನು ವಶಕ್ಕೆ ಪಡೆದಿಲ್ಲ ‘ಅಥವಾ’ ಪರಿಹಾರ ಕೊಟ್ಟಿಲ್ಲ ಎಂದಾದರೆ ಇಡೀ ಪ್ರಕ್ರಿಯೆಯೇ ರದ್ದು ಎನ್ನುತ್ತದೆ ಅದು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ‘ಅಥವಾ’ವನ್ನು ‘ಮತ್ತು’ ಎಂದೇ ಓದಬೇಕು ಎಂದಿತು. ಎರಡೂ ಆಗಿಲ್ಲದಿದ್ದರೆ ಮಾತ್ರ ರದ್ದು, ಒಂದು ಆಗಿದ್ದರೂ ಭೂಸ್ವಾಧೀನ ಉಳಿಯುತ್ತದೆ. ಒಂದು ಪದ ಹೊರಳಿದ್ದಕ್ಕೆ ಎಷ್ಟೋ ರೈತರ ಹಣೆಬರಹವೇ ಹೊರಳಿತು. ಅದನ್ನು ಕಂಡುಹಿಡಿದವರು ಆ ಸಭೆಯಲ್ಲಿ ಕನ್ನಡ ಮಾತಾಡಿದ ಒಬ್ಬರೇ.

ಕಾನೂನು ಮಾತಾಡಲು ಕನ್ನಡದಲ್ಲಿ ಪದಗಳಿಲ್ಲ ಅನ್ನುವವರು 2019ರ ಜುಲೈ ನೆನಪಿಸಿಕೊಳ್ಳಲಿ. ಶಾಸಕರು ರೆಸಾರ್ಟಿನಲ್ಲಿ, ಸರ್ಕಾರ ತೂಗುಯ್ಯಾಲೆಯಲ್ಲಿ. ರಾಜೀನಾಮೆಗೂ ಅನರ್ಹತೆಗೂ ವ್ಯತ್ಯಾಸವೇನು, ವಿಪ್ ಯಾರಿಗೆ ಅನ್ವಯ, ಸ್ಪೀಕರ್‌ಗೆ ಗಡುವು ಹಾಕಲು ಕೋರ್ಟಿಗೆ ಅಧಿಕಾರ ಉಂಟೇ ಎಂದು ದರ್ಶಿನಿಗಳಲ್ಲಿ ಇಡ್ಲಿ ತಿನ್ನುತ್ತಲೇ ವಾದವಾಗುತ್ತಿತ್ತು. ಪಕ್ಷಾಂತರ ತಡೆಯುವ ಸಂವಿಧಾನದ ಹತ್ತನೇ ಶೆಡ್ಯೂಲು ಅದು, ಅದೂ ಚೊಕ್ಕ ಕನ್ನಡದಲ್ಲಿ! ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು 17 ಶಾಸಕರ ಅನರ್ಹತೆಯನ್ನು ಎತ್ತಿಹಿಡಿದು, ಉಪಚುನಾವಣೆಗೆ ನಿಲ್ಲಲು ಮಾತ್ರ ದಾರಿ ಬಿಟ್ಟಾಗ, ಅದರ ಒಳಸುಳಿ ನಮ್ಮ ಬೀದಿಯ ಹೂವಿನವಳಿಗೂ ಗೊತ್ತಿತ್ತು.

ಇನ್ನೊಂದು ಸೋಜಿಗ ಇದೆ. ದೇಶದ ಯಾವ ಕಾನೂನು ಕಾಲೇಜಿಗೆ ಹೋದರೂ ಪಾಠ ಮಾಡುವ ಮೂರು ಪ್ರಕರಣಗಳು ಕನ್ನಡದ ನಂಟಿನವರ ಹೆಸರಲ್ಲೇ ಇವೆ. ಸಂಸತ್ತು ಸಂವಿಧಾನದ ಮೂಲ ಸ್ವರೂಪವನ್ನು ಮುಟ್ಟುವಂತಿಲ್ಲ ಎಂದ 1973ರ ತೀರ್ಪು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರದು. ಅದು ಶುರುವಾದದ್ದು ಭೂಸುಧಾರಣೆಯಲ್ಲಿ ಮಠದ ಜಮೀನು ಹೋಗುತ್ತದೆ ಎಂಬ ತಕರಾರಿನಿಂದ. ಬಹುಮತ ಸಾಬೀತಾಗಬೇಕಾದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದ 1994ರ ತೀರ್ಪು ಎಸ್.ಆರ್. ಬೊಮ್ಮಾಯಿಯವರದು. ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ತೀರ್ಪು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು. ಇವರ ಕತೆಯನ್ನು ಇವರದೇ ನೆಲದಲ್ಲಿ ಇಂಗ್ಲಿಷಿನಲ್ಲಿ ಕೇಳಬೇಕಾಗಿ ಬಂದಿದೆ.

348ನೇ ವಿಧಿಯ ಪ್ರಕಾರ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ. ರಾಷ್ಟ್ರಪತಿಗಳ ಒಪ್ಪಿಗೆಯಿದ್ದರೆ ರಾಜ್ಯದ ಭಾಷೆಗೂ ಅವಕಾಶ ಕೊಡಬಹುದು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರದಲ್ಲಿ ಹಿಂದಿಗೆ ಹಾಗೆ ಸಿಕ್ಕಿದೆ, ಕನ್ನಡಕ್ಕೆ ಸಿಕ್ಕಿಲ್ಲ. ಅದು ನಮ್ಮ ಕೈ ಮೀರಿದ್ದು ಅನ್ನೋಣ. ಸಭಾಂಗಣದ ಮೈಕಿಗೆ ಯಾವ ವಿಧಿಯ ಅಡ್ಡಿ? ದೆಹಲಿಯಿಂದ ಬರುವವರು ಇಂಗ್ಲಿಷಿನಲ್ಲೇ ಮಾತಾಡಲಿ, ಪಕ್ಕದಲ್ಲಿ ಕಾನೂನು ಬಲ್ಲ ದುಭಾಷಿಯೊಬ್ಬರು ಕೂತಿರಲಿ. ಸಭೆಯ ಭಾಷೆ ಮಾತ್ರ ಕನ್ನಡವಿರಲಿ.

ವಿರೋಧ: ‘ಅನುಭವ’ ಎಂದರೆ ಏನು?

ಮಾಗಡಿ, ರಾಮನಗರದ ಕೋರ್ಟುಗಳಲ್ಲಿ ಮೂವತ್ತು ವರ್ಷ ಕನ್ನಡದಲ್ಲೇ ಪಾಟೀಸವಾಲು ಮಾಡಿ ಹೊಟ್ಟೆ ಹೊರೆದವನು ನಾನು. ಕನ್ನಡ ದ್ರೋಹಿ ಅನ್ನುವ ಮೊದಲು ಇಷ್ಟು ಗೊತ್ತಿರಲಿ.

ಕೆಳಗಿನ ಕೋರ್ಟಿನ ಕಡತ ಮೇಲ್ಮನವಿಗೆ ಹೋಗುವಾಗ ಕನ್ನಡದ ಸಾಕ್ಷ್ಯವನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ಸಲ್ಲಿಸುತ್ತೇವೆ. ಒಂದು ಪ್ರಕರಣದಲ್ಲಿ ನಮ್ಮ ಸಾಕ್ಷಿ “ಜಮೀನು ನಮ್ಮ ಅನುಭವದಲ್ಲೇ ಇದೆ” ಅಂದಿದ್ದ. ಪಹಣಿ ಓದಿದವರಿಗೆಲ್ಲ ಗೊತ್ತು, ಅಲ್ಲಿ ಅನುಭವ ಎಂದರೆ ಸ್ವಾಧೀನ. ಅನುವಾದಕರು ಬರೆದದ್ದು ‘ಎಕ್ಸ್‌ಪೀರಿಯೆನ್ಸ್’. ತಿದ್ದಿಸಲು ಎರಡು ವಾಯಿದೆ ಹೋಯಿತು. ಅಂದಿನಿಂದ ದುಭಾಷಿ ಎಂದರೆ ನನಗೆ ಅಷ್ಟಕ್ಕಷ್ಟೆ.

ಸಂವಿಧಾನದ ಮಾತಿನಲ್ಲಿ ಈ ಅಪಾಯ ಇನ್ನೂ ದೊಡ್ಡದು. ಇಂಗ್ಲಿಷಿನ ‘ಸೆಕ್ಯುಲರ್’ ಎಂಬ ಒಂದು ಪದಕ್ಕೆ ನಮ್ಮಲ್ಲಿ ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ ಎಂಬ ಮೂರು ಚಲಾವಣೆಯಲ್ಲಿವೆ. ಮೊದಲನೆಯದರಲ್ಲಿ ಧರ್ಮದ ಸುಳಿವೇ ಇಲ್ಲ. ಅದನ್ನು ಕೇಳಿದರೆ ಅರ್ಧ ಕರ್ನಾಟಕಕ್ಕೆ ನೆನಪಾಗುವುದು ಒಂದು ಪಕ್ಷ. ಎರಡನೆಯದು ಸರ್ಕಾರ ಧರ್ಮದಿಂದ ದೂರ ನಿಲ್ಲಬೇಕು ಎನ್ನುತ್ತದೆ, ಮೂರನೆಯದು ಎಲ್ಲ ಧರ್ಮಗಳನ್ನೂ ಸಮನಾಗಿ ಹತ್ತಿರ ಸೇರಿಸಿಕೊಳ್ಳಬೇಕು ಎನ್ನುತ್ತದೆ. ಮೂರರಲ್ಲಿ ಒಂದನ್ನು ಆರಿಸಿದ ಕೂಡಲೇ ಭಾಷಣಕಾರ ತೀರ್ಪು ಕೊಟ್ಟಂತಾಯಿತು, ಕೇಳುವವರಿಗೆ ಅದು ಗೊತ್ತೂ ಆಗುವುದಿಲ್ಲ.

ಜೀವ, ವೈಯಕ್ತಿಕ ಸ್ವಾತಂತ್ರ್ಯ ಕಾಯುವ 21ನೇ ವಿಧಿಯ ಚರಿತ್ರೆಯನ್ನೇ ತೆಗೆದುಕೊಳ್ಳಿ. ಕರಡಿನಲ್ಲಿ ಮೊದಲಿದ್ದದ್ದು ಅಮೆರಿಕದ ‘ಡ್ಯೂ ಪ್ರೋಸೆಸ್’, ಅಂದರೆ ಕಾನೂನು ನ್ಯಾಯವಾದದ್ದೇ ಎಂದೂ ಕೋರ್ಟು ನೋಡಬಹುದು ಎಂಬರ್ಥದ ಪದ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್, ನಮ್ಮ ಮಂಗಳೂರಿನಲ್ಲೇ ಹುಟ್ಟಿದವರು, ಅಮೆರಿಕದಲ್ಲಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಜೊತೆ ಮಾತಾಡಿ ಬಂದ ಮೇಲೆ ಆ ಪದಕ್ಕೆ ಕತ್ತರಿ ಬೀಳಬೇಕೆಂದರು. ಅದರ ಜಾಗಕ್ಕೆ ಬಂದದ್ದು ‘ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ’. 1950ರಲ್ಲಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಜೈಲಿನಿಂದ ಸುಪ್ರೀಂ ಕೋರ್ಟಿನ ಮೊರೆ ಹೋದಾಗ, ಕಾನೂನು ಇದೆ ತಾನೆ, ಅದು ನ್ಯಾಯವಾದದ್ದೇ ಎಂದು ಕೇಳುವುದು ನಮ್ಮ ಕೆಲಸವಲ್ಲ ಎಂಬರ್ಥದ ಉತ್ತರ ಸಿಕ್ಕಿತು. ಆ ಕಾರ್ಯವಿಧಾನ ನ್ಯಾಯಯುತವೂ ಆಗಿರಬೇಕು ಎಂದು ಕೋರ್ಟು ಸ್ಪಷ್ಟವಾಗಿ ಹೇಳಿದ್ದು 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ. ಒಂದು ಪದಗುಚ್ಛದ ಬೆಲೆ 28 ವರ್ಷ! ಇದನ್ನು ಇಂಗ್ಲಿಷ್ ಪಠ್ಯ ಮುಂದಿಡದೆ ಬಿಡಿಸಿ ಹೇಳಲು ನನ್ನಿಂದಾಗದು. 2019ರಿಂದ ಸುಪ್ರೀಂ ಕೋರ್ಟಿನ ಆಯ್ದ ತೀರ್ಪುಗಳು ಕನ್ನಡದಲ್ಲೂ ಸಿಗುತ್ತಿವೆ, ಸಂತೋಷ. ಆದರೆ ಅನುವಾದಕ್ಕೂ ಮೂಲಕ್ಕೂ ಜಗಳ ಬಿದ್ದರೆ ಗೆಲ್ಲುವುದು ಇಂಗ್ಲಿಷೇ.

ಇನ್ನು ನಮ್ಮ ಕನ್ನಡ ಸಭೆಗಳ ರೀತಿ. ದೀಪ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಗಣ್ಯರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಉಪನ್ಯಾಸಕರ ಕೈಗೆ ಮೈಕು ಬರುವಾಗ ಜನ ಗಡಿಯಾರ ನೋಡುತ್ತಿರುತ್ತಾರೆ. ಅಂಬೇಡ್ಕರರಿಗೆ ಜೈಕಾರ ಹಾಕಿ, ಅವರು ಬರೆದ ಒಂದು ವಿಧಿಯನ್ನೂ ಬಿಚ್ಚಿ ಓದದೆ ಎದ್ದ ಸಭೆಗಳಲ್ಲಿ ನಾನೂ ವೇದಿಕೆ ಮೇಲೆ ಕೂತಿದ್ದೇನೆ, ಪೇಟ ಸುತ್ತಿಸಿಕೊಂಡು. ಮನೆಯಲ್ಲಿ ಆರು ಪೇಟ ಇವೆ.

ಶಿವಾಜಿನಗರದ ಉರ್ದು ಮನೆಯ ಹುಡುಗಿ, ಹಲಸೂರಿನ ತಮಿಳರು, ಹಾಸನದಿಂದ ಕಾನೂನು ಓದಲು ಬಂದು ಇಂಗ್ಲಿಷಿಗೆ ಹೆದರುವ ಹುಡುಗ, ಎಲ್ಲರೂ ಒಂದೇ ಹಾಲ್‌ನಲ್ಲಿ ಕೂರುವ ಊರು ಇದು. ‘ಕನ್ನಡದಲ್ಲೇ’ ಎಂದು ಒತ್ತಿದರೆ ಕೆಲವರು ಎದ್ದು ಹೋಗುತ್ತಾರೆ. ಆ ಹಾಸನದ ಹುಡುಗನಿಗೆ ನಾಳೆ ಹೈಕೋರ್ಟಿನಲ್ಲಿ ಬೇಕಾಗುವ ಇಂಗ್ಲಿಷು ಕಿವಿಗೆ ಬೀಳುವ ಒಂದು ಸಂಜೆಯೂ ತಪ್ಪುತ್ತದೆ. ಪ್ರಶ್ನೆಯನ್ನು ಯಾವ ಭಾಷೆಯಲ್ಲಾದರೂ ಕೇಳಲಿ, ಅದನ್ನು ಮೊಟಕು ಮಾಡದೆ ವೇದಿಕೆಗೆ ಮುಟ್ಟಿಸಿ. ಆ ಸಂಜೆ ಚರ್ಚೆಯಾಗುವ ವಿಧಿಯನ್ನು ಒಂದು ಹಾಳೆಯಲ್ಲಿ ಎಡಕ್ಕೆ ಇಂಗ್ಲಿಷು, ಬಲಕ್ಕೆ ಕನ್ನಡ ಅಚ್ಚು ಮಾಡಿ ಹಂಚಿ.

ಹೋದ ಸಲ ನಾನೇ ಹಾಗೆ ಮಾಡಿದೆ. ಎಪ್ಪತ್ತು ಪ್ರತಿ, ಜೆರಾಕ್ಸ್ ಅಂಗಡಿಯಲ್ಲಿ ನೂರ ನಲವತ್ತು ರೂಪಾಯಿ. ಸಭೆ ಮುಗಿದು ಲೈಟು ಆರಿಸುವಾಗ ನೋಡಿದರೆ ಕುರ್ಚಿಗಳ ಮೇಲೆ ಉಳಿದಿದ್ದದ್ದು ನಾಲ್ಕೇ ಹಾಳೆ. ಒಂದರಲ್ಲಿ ಯಾರೋ ಕನ್ನಡದ ಪದವೊಂದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬೇರೆಯದನ್ನು ಬರೆದಿದ್ದರು. ನನ್ನದಕ್ಕಿಂತ ಅದೇ ಚೆನ್ನಾಗಿತ್ತು.