ಫ್ಲ್ಯಾಟಿನ ಗೋಡೆಯೊಳಗಿನ ಫೋನ್ ತಂತಿಗೂ ಒಂದು ನಕ್ಷೆ ಬೇಕು

ಮೂಡಿಗೆರೆ ಸೀಮೆಯ ನಮ್ಮ ಮನೆಯನ್ನು ತಮ್ಮನಿಗೆ ಒಪ್ಪಿಸಿ, 81 ವರ್ಷದ ಅಮ್ಮನನ್ನು ಕರೆದುಕೊಂಡು ನಾನು ಚಿಕ್ಕಮಗಳೂರಿನ ಫ್ಲ್ಯಾಟೊಂದಕ್ಕೆ ಬಂದು ಐದು ತಿಂಗಳಾಯಿತು. ಹಾಲಿನವರು ಎರಡನೆಯ ದಿನವೇ ಗೊತ್ತಾದರು, ಗ್ಯಾಸ್ ಸಿಲಿಂಡರ್ ವಾರದೊಳಗೆ ಬಂತು, ಅಮ್ಮನ ಬಿ.ಪಿ. ಮಾತ್ರೆ ಸಿಗುವ ಅಂಗಡಿ ಬೀದಿಯ ಕೊನೆಯಲ್ಲೇ ಇತ್ತು. ಲ್ಯಾಂಡ್‌ಲೈನ್ ಫೋನಿಗೆ ಮಾತ್ರ 43 ದಿನ ಹಿಡಿಯಿತು. ಆ 43 ದಿನಗಳಲ್ಲಿ ನಾನು ಕಂಡುಕೊಂಡದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ನಮ್ಮ ಊರಿನಲ್ಲಿ ಈಗ ಬೋರೆಯ ಮೇಲೂ ಬಡಾವಣೆಗಳಲ್ಲೂ ಫ್ಲ್ಯಾಟುಗಳು ಏಳುತ್ತಿವೆ. ತೋಟದ ಮನೆಗಳಿಂದ ವಯಸ್ಸಾದ ತಂದೆತಾಯಿಗಳನ್ನು ಕರೆತಂದು ಅವುಗಳಲ್ಲಿ ಇರಿಸುವವರು ನಾನೊಬ್ಬಳೇ ಅಲ್ಲ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಲ್ಯಾಂಡ್‌ಲೈನ್ ಏಕೆ ಎಂದು ಬಂಧುಗಳೂ ಕೇಳಿದರು, ಫೋನ್ ಕಂಪನಿಯ ಕೌಂಟರಿನಲ್ಲಿದ್ದ ಹುಡುಗನೂ ಕೇಳಿದ. ಅಮ್ಮನಿಗೆ ನಾವು ಮೊಬೈಲ್ ಕೊಡಿಸಿ ಮೂರು ವರ್ಷವಾಗಿದೆ. ಮಣ್ಣಿನ ಕೆಲಸದಲ್ಲಿ ಒಣಗಿ ಗಡುಸಾದ ಅವರ ಬೆರಳಿಗೆ ಆ ಗಾಜಿನ ಪರದೆ ಎಷ್ಟೋ ಸಲ ಸ್ಪಂದಿಸುವುದೇ ಇಲ್ಲ. ಶ್ರವಣ ಸಾಧನದ ಬಳಿ ಹಿಡಿದರೆ ಗುಂಯ್ಗುಡುತ್ತದೆ. ಹೊದಿಕೆಯ ಮಡಿಕೆಯಲ್ಲಿ ಸೇರಿಕೊಂಡರೆ ಸಿಗುವುದಿಲ್ಲ, ಸಿಕ್ಕಾಗ ಚಾರ್ಜ್ ಇರುವುದಿಲ್ಲ. ಹೋದ ವರ್ಷ ಮಳೆಗಾಲದ ಒಂದು ರಾತ್ರಿ ಉಸಿರು ಕಟ್ಟಿದಂತಾದಾಗ ಅಮ್ಮ ಕತ್ತಲೆಯಲ್ಲೇ ಗೋಡೆ ಸವರಿಕೊಂಡು ನಡುಮನೆಯ ಫೋನಿನ ಬಳಿಗೆ ಹೋಗಿ, ಬೆರಳಿನ ಅಭ್ಯಾಸದಲ್ಲೇ ಗುಂಡಿಗಳನ್ನು ಒತ್ತಿ, ತಮ್ಮನನ್ನು ಎಬ್ಬಿಸಿದ್ದರು. ಫೋನ್ ಎಲ್ಲಿದೆ ಎಂದು ಹುಡುಕುವ ಪ್ರಸಂಗವೇ ಅಂದು ಬರಲಿಲ್ಲ, ಏಕೆಂದರೆ ಅದು ಯಾವಾಗಲೂ ಅಲ್ಲೇ ಇರುತ್ತಿತ್ತು. ಹಿರಿಯರಿರುವ ಮನೆಗೆ ಜಾಗ ಬದಲಿಸದ ಫೋನ್ ಒಂದು ಅಗತ್ಯ ಎಂದು ನಾನು ನಂಬಿರುವುದು ಆ ರಾತ್ರಿಯಿಂದ.

ನಮ್ಮ ಮನೆಗೆ ಫೋನ್ ಬಂದದ್ದು 1992ರಲ್ಲಿ. ಅದಕ್ಕೂ ಮೊದಲು ಟ್ರಂಕ್ ಕಾಲ್ ಮಾಡಬೇಕೆಂದರೆ ಅಪ್ಪ ಅಂಚೆ ಕಚೇರಿಗೆ ನಡೆದುಹೋಗಿ, ಹೆಸರು ಬರೆಸಿ, ಕರೆ ಸಿಗುವವರೆಗೆ ಬೆಂಚಿನ ಮೇಲೆ ಕಾಯುತ್ತಿದ್ದರಂತೆ. ನಮ್ಮ ಹಳ್ಳಿಗಳಿಗೆ ದೂರವಾಣಿ ತಲುಪಿದ್ದರ ಹಿಂದೆ ಕರ್ನಾಟಕದವರು ನೆನೆಯಬೇಕಾದ ಒಂದು ಸಂಗತಿಯಿದೆ. 1984ರಲ್ಲಿ ಸ್ಥಾಪನೆಯಾದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ನಮ್ಮ ದೇಶದಲ್ಲೇ ರೂಪಿಸಿದ 128 ಲೈನುಗಳ ಗ್ರಾಮೀಣ ವಿನಿಮಯ ಕೇಂದ್ರ (ಟೆಲಿಫೋನ್ ಎಕ್ಸ್‌ಚೇಂಜ್) ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ನಮ್ಮದೇ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದ ಸಾಧಾರಣ ಕೋಣೆಯಲ್ಲಿಟ್ಟರೂ, ನಮ್ಮ ಬಿಸಿಲು ಧೂಳುಗಳಲ್ಲೂ ನಡೆಯುವಂತೆ ಅದನ್ನು ಕಟ್ಟಿದ್ದರು. ಅಂಥ ಕೇಂದ್ರಗಳು ಊರೂರಿಗೆ ಹಬ್ಬಿದ ಮೇಲೆಯೇ ನಮ್ಮಂಥ ಮನೆಗಳಿಗೆ ಫೋನ್ ಕೈಗೆಟುಕುವ ವಸ್ತುವಾಯಿತು.

ಅಮ್ಮನ ಮೊದಲ ಆಸೆ ಹಳೆಯ ನಂಬರೇ ಹೊಸ ಮನೆಗೂ ಬರಲಿ ಎಂಬುದಾಗಿತ್ತು. ಅದು ಆಗಲಿಲ್ಲ. ಮೂಡಿಗೆರೆಯ ಎಸ್‌ಟಿಡಿ ಕೋಡ್ 08263, ಚಿಕ್ಕಮಗಳೂರಿನದು 08262. ಲ್ಯಾಂಡ್‌ಲೈನ್ ನಂಬರು ಮನುಷ್ಯರಿಗಿಂತ ಹೆಚ್ಚಾಗಿ ಊರಿಗೆ ಅಂಟಿಕೊಂಡಿರುತ್ತದೆ. ಮೊಬೈಲ್ ನಂಬರನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಲ್ಲೇ ದೇಶಕ್ಕೆಲ್ಲ ಬಂದರೂ, ಸ್ಥಿರ ದೂರವಾಣಿಗೆ ಆ ಸೌಲಭ್ಯ ಬರಲಿಲ್ಲ. 30 ವರ್ಷ ಮದುವೆಯ ಕರೆಯೋಲೆಗಳ ಮೇಲೂ ಅಂಗಡಿಯ ಚೀಟಿಗಳ ಮೇಲೂ ಬರೆದುಕೊಟ್ಟ ನಂಬರನ್ನು ಬಿಡುವುದು ಅಮ್ಮನಿಗೆ ಮನೆ ಬಿಡುವಷ್ಟೇ ಕಷ್ಟವಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಅರ್ಜಿಯ ಕಾಗದಪತ್ರಗಳಲ್ಲಿ ಹತ್ತು ದಿನ ಕಳೆಯಿತು. ವಿದ್ಯುತ್ ಬಿಲ್ಲು ಇನ್ನೂ ಕಟ್ಟಡ ಕಟ್ಟಿಸಿದವರ ಹೆಸರಿನಲ್ಲೇ ಇದ್ದುದರಿಂದ ಅದು ವಿಳಾಸದ ಪುರಾವೆಯಾಗಲಿಲ್ಲ. ಕೊನೆಗೆ ನೋಂದಾಯಿತ ಕ್ರಯಪತ್ರದ ಪ್ರತಿಯನ್ನೂ ನಿವಾಸಿಗಳ ಸಂಘದ ಒಪ್ಪಿಗೆ ಪತ್ರವನ್ನೂ ಕೊಟ್ಟ ಮೇಲೆ ಅರ್ಜಿ ಸ್ವೀಕಾರವಾಯಿತು. ಮನೆ ಬದಲಿಸುವವರು ಈ ಎರಡನ್ನು ಮೊದಲೇ ಜೋಡಿಸಿಟ್ಟುಕೊಂಡರೆ ಆ ಹತ್ತು ದಿನ ಉಳಿಯುತ್ತದೆ.

ನಿಜವಾದ ತೊಡಕು ಇದ್ದದ್ದು ಗೋಡೆಯೊಳಗೆ. ಕಂಪನಿಯಿಂದ ಬಂದ ಹುಡುಗರು ಎರಡು ಸಲ ಕಟ್ಟಡವನ್ನು ಸುತ್ತಿ ನೋಡಿ, ಎರಡು ಸಲವೂ ‘ತಾಂತ್ರಿಕವಾಗಿ ಸಾಧ್ಯವಿಲ್ಲ’ ಎಂದು ಬರೆದು ನನ್ನ ಕೋರಿಕೆಯನ್ನು ಮುಚ್ಚಿದರು. ಕಂಬದಿಂದ ನಮ್ಮ ಗೇಟಿನವರೆಗೆ ಫೈಬರ್, ಅಂದರೆ ತಾಮ್ರದ ತಂತಿಯ ಬದಲು ಈಗ ಹಾಕುವ ಗಾಜಿನ ಎಳೆ, ಬಂದಿತ್ತು. ಗೇಟಿನಿಂದ ಮೂರನೆಯ ಅಂತಸ್ತಿನ ನಮ್ಮ ಮನೆಗೆ ಅದನ್ನು ಒಯ್ಯಲು ದಾರಿ ಇರಲಿಲ್ಲ. ಹೊರಗೋಡೆಯ ಮೇಲೆ ತಂತಿ ಇಳಿಬಿಡಕೂಡದು ಎಂಬುದು ಸಂಘದ ನಿಯಮ, ಅದು ಸರಿಯಾದ ನಿಯಮವೇ. ನಮ್ಮ ಮಳೆಗಾಳಿಗೆ ಹೊರಗೆ ತೂಗುವ ತಂತಿ ಎರಡು ಮಳೆಗಾಲ ಉಳಿಯುವುದಿಲ್ಲ. ಒಳಗೆ ತಂತಿಗೆಂದೇ ಕೆಳಗಿನಿಂದ ಮೇಲಿನವರೆಗೆ ಬಿಟ್ಟ ಕೊಳವೆಯಂಥ ಜಾಗ, ಶಾಫ್ಟ್, ಇತ್ತು. ಆದರೆ ಹಿಂದೊಮ್ಮೆ ನೀರಿನ ಪೈಪು ದುರಸ್ತಿ ಮಾಡಿದಾಗ ಎರಡನೆಯ ಅಂತಸ್ತಿನಲ್ಲಿ ಅದನ್ನು ಸಿಮೆಂಟಿನಿಂದ ಪೂರ್ತಿ ಮುಚ್ಚಿಬಿಟ್ಟಿದ್ದರು. ಬೆಂಕಿಯೂ ಹೊಗೆಯೂ ಮೇಲೇರದಂತೆ ಪ್ರತಿ ಅಂತಸ್ತಿನಲ್ಲಿ ಶಾಫ್ಟನ್ನು ಮುಚ್ಚುವುದು ಬೇಕಾದದ್ದೇ. ಆದರೆ ಮುಚ್ಚುವಾಗ ತಂತಿ ದಾಟಲು ಒಂದು ಪೈಪು ಬಿಟ್ಟು ಅದರ ಸುತ್ತ ಮುಚ್ಚಬೇಕಿತ್ತು. ಹಾಗೆ ಮಾಡಬೇಕೆಂದು ಹೇಳುವ ಕಾಗದ ಯಾರ ಬಳಿಯೂ ಇರಲಿಲ್ಲ.

ಎರಡನೆಯ ಸಲ ಕೋರಿಕೆ ಮುಚ್ಚಿಹೋದಾಗ ನಾನು ದೂರು ದಾಖಲಿಸಿ, ಆ ದೂರಿಗೆ ಕೊಟ್ಟ ಡಾಕೆಟ್ ಸಂಖ್ಯೆಯನ್ನು ಬರೆದಿಟ್ಟುಕೊಂಡೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2012ರಲ್ಲಿ ಹೊರಡಿಸಿದ ನಿಯಮಗಳಲ್ಲಿ ಗ್ರಾಹಕರ ದೂರಿಗೆ ಎರಡು ಹಂತಗಳಿವೆ. ಮೊದಲನೆಯದು ದೂರು ಕೇಂದ್ರ, ಅಲ್ಲಿ ಪರಿಹಾರ ಸಿಗದಿದ್ದರೆ ಕಂಪನಿಯೊಳಗೇ ಇರುವ ಮೇಲ್ಮನವಿ ಪ್ರಾಧಿಕಾರ. ಡಾಕೆಟ್ ಸಂಖ್ಯೆ ಕೈಯಲ್ಲಿಲ್ಲದೆ ಎರಡನೆಯ ಬಾಗಿಲು ತೆರೆಯುವುದಿಲ್ಲ. ಬಾಯಿಮಾತಿನಲ್ಲಿ ಎಷ್ಟು ಸಲ ಹೇಳಿದ್ದರೂ ಲೆಕ್ಕಕ್ಕೆ ಬರುವುದು ಆ ಸಂಖ್ಯೆಯೊಂದೇ. ಮೇಲ್ಮನವಿ ಬರೆದ ಒಂದು ವಾರಕ್ಕೆ, ನಿವೃತ್ತಿಯ ಹತ್ತಿರದಲ್ಲಿರುವ ಹಿರಿಯ ಲೈನ್‌ಮನ್ ಒಬ್ಬರು ನಮ್ಮ ಬಾಗಿಲಿಗೆ ಬಂದರು.

ಅವರು ಕೆಲಸ ಮಾಡಿದ ಬಗೆಯನ್ನು ನಾನು ಮರೆಯಲಾರೆ. ಸಂಘದವರ ಅನುಮತಿ ಪಡೆದು, ಗಾರೆಯವರಿಂದ ಎರಡನೆಯ ಅಂತಸ್ತಿನ ಸಿಮೆಂಟಿನಲ್ಲಿ ಒಂದಂಗುಲದ ರಂಧ್ರ ತೆಗೆಸಿ, ಪೈಪಿನ ತುಂಡು ಕೂರಿಸಿ, ಅದರೊಳಗಿಂದ ಫೈಬರನ್ನು ಎಳೆದು ನಮ್ಮ ಹಾಲಿಗೆ ತಂದರು. ಅಷ್ಟಾದರೂ, ಫೈಬರಿನ ಬೆಳಕನ್ನು ಫೋನಿನ ದನಿಯಾಗಿಸುವ ಪೆಟ್ಟಿಗೆಯ ಕೆಂಪು ದೀಪ ಆರಲಿಲ್ಲ. ಅವರು ಜೇಬಿನಿಂದ, ಬೆಳಕಿನ ಬಲ ಅಳೆಯುವ ಅಂಗೈಯಗಲದ ಮೀಟರ್ ತೆಗೆದು ಫೈಬರಿನ ತುದಿಗೆ ಸಿಕ್ಕಿಸಿದಾಗ ಮೈನಸ್ 29 ಎಂದು ತೋರಿಸಿತು. "ಮೈನಸ್ ಇಪ್ಪತ್ತೇಳರಿಂದ ಕೆಳಗೆ ಹೋದ್ರೆ ಬೆಳಕು ಸಾಲಲ್ಲ ಮೇಡಂ, ಎಲ್ಲೋ ಮಡಚಿದೆ" ಎಂದರು. ನಮ್ಮ ಬಾಗಿಲ ಪಕ್ಕದ ಎಲೆಕ್ಟ್ರಿಕಲ್ ಡಬ್ಬಿಯ ಹಿಂದೆ ಫೈಬರ್ ಬೆರಳಿನಷ್ಟು ಇಕ್ಕಟ್ಟಾದ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಗಾಜಿನ ಎಳೆಯನ್ನು ಹಾಗೆ ಬಗ್ಗಿಸಿದರೆ ಬೆಳಕು ತಿರುವಿನಲ್ಲೇ ಹೊರಗೆ ಸೋರಿಹೋಗುತ್ತದೆ. ಅವರು ಅದನ್ನು ಬಿಡಿಸಿ, ತಟ್ಟೆಯಗಲದ ಸುರುಳಿ ಮಾಡಿ ಕಟ್ಟಿದ ಮೇಲೆ ಮೀಟರ್ ಮೈನಸ್ 19ಕ್ಕೆ ಬಂತು, ದೀಪ ಹಸಿರಾಯಿತು.

ಪೆಟ್ಟಿಗೆ ಇದ್ದದ್ದು ಹಾಲಿನಲ್ಲಿ, ಫೋನ್ ಬೇಕಾದದ್ದು ಅಮ್ಮನ ಕೋಣೆಯಲ್ಲಿ. ನಡುವೆ 30 ಅಡಿ, ಎರಡು ಗೋಡೆ. ಎರಡೂ ಕಡೆ ಕಟ್ಟಡ ಕಟ್ಟಿಸಿದವರು ಬಿಟ್ಟಿದ್ದ ಹಳೆಯ ಮಾದರಿಯ ಫೋನ್ ಪಾಯಿಂಟುಗಳಿದ್ದವು. ಅವುಗಳಿಂದ ಹೊರಟ ತಾಮ್ರದ ತಂತಿಗಳು ಗೋಡೆಯೊಳಗೆ ಎಲ್ಲಿಗೆ ಹೋಗುತ್ತವೆ ಎಂಬುದನ್ನು ಹೇಳುವವರಿರಲಿಲ್ಲ. ಕೆಳಗಿನ ಪಾರ್ಕಿಂಗಿನ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ತೆರೆದರೆ 32 ಮನೆಗಳಿಂದ ಇಳಿದುಬಂದ 64 ಜೋಡಿ ತಂತಿಗಳು ಒಂದಕ್ಕೂ ಗುರುತು ಚೀಟಿಯಿಲ್ಲದೆ ನಿಂತಿದ್ದವು. ಲೈನ್‌ಮನ್ ಅಮ್ಮನ ಕೋಣೆಯ ಪಾಯಿಂಟಿನಲ್ಲಿ ಎರಡು ತಂತಿಗಳ ತುದಿ ಸುಲಿದು ಒಂದಕ್ಕೊಂದು ಹೊಸೆದರು. ನಾನು ಅಲ್ಲೇ ಕಾವಲು ನಿಂತೆ. ಅವರು ಕೆಳಗಿಳಿದು ಒಂದೊಂದೇ ಜೋಡಿಗೆ, ತಾಮ್ರದ ತಂತಿ ಪರೀಕ್ಷಿಸುವ ಬೇರೊಂದು ಮೀಟರಿನ ಮುಳ್ಳು ಮುಟ್ಟಿಸುತ್ತ ಹೋದರು. ಯಾವ ಜೋಡಿಯಲ್ಲಿ ಮೀಟರ್ ಕೂಗುತ್ತದೋ ಅದು ನಮ್ಮದು. 41ನೆಯ ಜೋಡಿಗೆ ಕೂಗಿತು. ಅದೇ ರೀತಿ ಹಾಲಿನ ಜೋಡಿಯನ್ನೂ ಹುಡುಕಿ, ಕೆಳಗಿನ ಡಬ್ಬಿಯಲ್ಲಿ ಅವೆರಡನ್ನೂ ಸೇರಿಸಿದರು. ಹಾಲಿನ ಪೆಟ್ಟಿಗೆಯ ಫೋನ್ ಕಿಂಡಿಯಿಂದ ಹೊರಟ ದನಿ ಮೂರಂತಸ್ತು ಕೆಳಗಿಳಿದು, ಮತ್ತೆ ಮೂರಂತಸ್ತು ಮೇಲೇರಿ ಅಮ್ಮನ ಮಂಚದ ಪಕ್ಕಕ್ಕೆ ಬಂತು. ಒಂದು ಗೋಡೆಯನ್ನೂ ಒಡೆಯಬೇಕಾಗಲಿಲ್ಲ.

ಅಪ್ಪನ ಕಾಲದ, ತಿರುಗಿಸುವ ಡಯಲಿನ ಕಪ್ಪು ಫೋನನ್ನು ನಾನು ಹಳೆಯ ಮನೆಯಿಂದ ತಂದಿದ್ದೆ. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ತಯಾರಾದ, ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರದ ಫೋನು. ಅದನ್ನು ಜೋಡಿಸಿದಾಗ ಗಂಟೆ ಚೆನ್ನಾಗಿ ಮೊಳಗಿತು, ಮಾತೂ ಸ್ಪಷ್ಟವಾಗಿತ್ತು, ಆದರೆ ಅದರಿಂದ ಕರೆ ಮಾಡಲು ಆಗಲಿಲ್ಲ. ಡಯಲ್ ತಿರುಗಿ ಬರುವಾಗ ಲೈನನ್ನು ಕಡಿದು ಕೂಡಿಸಿ ಅಂಕಿ ತಿಳಿಸುವ ಆ ಪದ್ಧತಿ ನಮ್ಮ ಹೊಸ ಪೆಟ್ಟಿಗೆಗೆ ಅರ್ಥವಾಗುವುದಿಲ್ಲ. ಗುಂಡಿ ಒತ್ತುವ ಫೋನೇ ಬೇಕಾಯಿತು. ಅಮ್ಮ ಹಳೆಯದನ್ನು ಒರೆಸಿ ಕಪಾಟಿನ ಮೇಲಿಟ್ಟಿದ್ದಾರೆ.

ಕರೆಂಟಿನ ವಿಚಾರವನ್ನು ಫೈಬರ್ ಹಾಕಿಸುವ ಪ್ರತಿಯೊಬ್ಬರೂ ಗಮನಿಸಬೇಕು. ಹಳೆಯ ತಾಮ್ರದ ಲೈನಿಗೆ ಬೇಕಾದ 48 ವೋಲ್ಟ್ ವಿದ್ಯುತ್ತು ವಿನಿಮಯ ಕೇಂದ್ರದ ಬ್ಯಾಟರಿಗಳಿಂದಲೇ ಆ ತಂತಿಯಲ್ಲಿ ಬರುತ್ತಿತ್ತು. ಆದ್ದರಿಂದ ಆಷಾಢದಲ್ಲಿ ಮರ ಬಿದ್ದು ಮೂರು ದಿನ ಊರೆಲ್ಲ ಕತ್ತಲಾದರೂ, ಫೋನಿನ ತಂತಿ ಉಳಿದಿದ್ದರೆ ಮಾತು ನಡೆಯುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ವಿದ್ಯುತ್ತು ಬರುವುದಿಲ್ಲ. ಮನೆಯೊಳಗಿನ ಪೆಟ್ಟಿಗೆಗೆ ಕರೆಂಟ್ ಹೋದ ಕ್ಷಣವೇ ಫೋನೂ ಸತ್ತುಹೋಗುತ್ತದೆ. ಇದನ್ನು ಅರ್ಜಿ ಪಡೆಯುವಾಗ ಯಾರೂ ನನಗೆ ಹೇಳಲಿಲ್ಲ. ನಮ್ಮ ಕಟ್ಟಡದ ಜನರೇಟರು ಲಿಫ್ಟಿಗೂ ಮೆಟ್ಟಿಲಿನ ದೀಪಗಳಿಗೂ ಇದೆ, ಮನೆಯೊಳಗಿನ ಪ್ಲಗ್ಗುಗಳಿಗಿಲ್ಲ. ನಾನು 12 ವೋಲ್ಟಿನ ಸಣ್ಣ ಯುಪಿಎಸ್ ಒಂದನ್ನು ತಂದು ಪೆಟ್ಟಿಗೆಗೆ ಜೋಡಿಸಿದ ಮೇಲೆಯೇ ಅಮ್ಮನ ಫೋನ್ ನಂಬಬಹುದಾದ ಫೋನ್ ಆಯಿತು.

ಇನ್ನೊಂದು ಸಣ್ಣ ಸಂಗತಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವುದೇ ಮೊಬೈಲಿಗೆ ಕರೆ ಮಾಡಲು ಮುಂದೆ ಸೊನ್ನೆ ಒತ್ತಬೇಕು. ಅಮ್ಮನ ನಂಬರು ಪುಸ್ತಕವನ್ನು ನಾನು ದಪ್ಪ ಅಕ್ಷರದಲ್ಲಿ ಹೊಸದಾಗಿ ಬರೆದು, ಪ್ರತಿ ಮೊಬೈಲ್ ನಂಬರಿನ ಮುಂದೆ ಸೊನ್ನೆಯನ್ನು ಕೆಂಪು ಶಾಯಿಯಲ್ಲಿ ಹಾಕಿದೆ. ಮೊದಲ ಪುಟದಲ್ಲಿ ತುರ್ತು ಸಹಾಯದ 112 ಮಾತ್ರ ಇದೆ.

ನನ್ನ ಆಗ್ರಹ ಇಷ್ಟೇ. ಫ್ಲ್ಯಾಟ್ ಮಾರುವವರು ನೀರಿನ ಪೈಪು ಎಲ್ಲಿದೆ, ವಿದ್ಯುತ್ ತಂತಿ ಎಲ್ಲಿದೆ ಎಂದು ತೋರಿಸುವಂತೆಯೇ ಫೋನಿನ ತಂತಿಯ ದಾರಿಯನ್ನೂ ಕಾಗದದ ಮೇಲೆ ಬರೆದು ಸಂಘಕ್ಕೆ ಒಪ್ಪಿಸಬೇಕು, ಸಂಘ ಅದನ್ನು ಕಾಯ್ದಿಡಬೇಕು. ಕಟ್ಟಡಗಳೊಳಗಿನ ಸಂಪರ್ಕ ವ್ಯವಸ್ಥೆಗೆ ನಕ್ಷತ್ರಗಳ ಲೆಕ್ಕದಲ್ಲಿ ಅಂಕ ಕೊಡುವ ನಿಯಮಗಳನ್ನು ಟ್ರಾಯ್ 2024ರ ಅಕ್ಟೋಬರಿನಲ್ಲಿ ಹೊರಡಿಸಿದೆ. ಆದರೆ ಅದು ಇಷ್ಟಪಟ್ಟವರು ಪಡೆಯುವ ಅಂಕ, ಕಡ್ಡಾಯವಲ್ಲ. ಚಿಕ್ಕಮಗಳೂರಿನಂಥ ಊರಿನ ನಾಲ್ಕಂತಸ್ತಿನ ಕಟ್ಟಡ ತಾನಾಗಿ ಅದಕ್ಕೆ ಅರ್ಜಿ ಹಾಕುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಆದ್ದರಿಂದ ಕೊಳ್ಳುವವರೇ ಮುಂಗಡ ಕೊಡುವ ಮೊದಲು ಕೇಳಬೇಕು. ಶಾಫ್ಟಿನ ಬಾಗಿಲು ತೆರೆಸಿ ನೋಡಬೇಕು, ಪಾರ್ಕಿಂಗಿನ ಡಬ್ಬಿಯಲ್ಲಿ ಮನೆಯ ಸಂಖ್ಯೆ ಬರೆದಿದೆಯೇ ಎಂದು ನೋಡಬೇಕು. ಶಾಫ್ಟು ಎಲ್ಲ ಮಾಲೀಕರ ಸಾಮಾನ್ಯ ಸ್ವತ್ತು. ಒಂದು ಮನೆಯ ದುರಸ್ತಿಗಾಗಿ ಇನ್ನೊಂದು ಮನೆಯ ದಾರಿ ಮುಚ್ಚುವಂತಿಲ್ಲ.

ಆ ಲೈನ್‌ಮನ್ ಹೋಗುವಾಗ ಅಮ್ಮ ಕಾಫಿ ಕೊಟ್ಟು, "ನಿಮ್ಮ ಕೈಗುಣ ಚೆನ್ನಾಗಿದೆಯಪ್ಪ" ಎಂದರು. ಅವರು ಲೋಟ ಕೆಳಗಿಟ್ಟು ನನ್ನ ಕೈಗೆ ಒಂದು ಮಾರ್ಕರ್ ಪೆನ್ನು ಕೊಟ್ಟರು. "ನಿಮ್ಮ ಎರಡು ಜೋಡೀಗೆ ನಂಬರ್ ಬರೆದಿದ್ದೀನಿ ಮೇಡಂ, ಉಳಿದಿದ್ದು ಯಾರಾದ್ರೂ ಬರೆದ್ರೆ ನಾಳೆ ಬರೋರಿಗೆ ಒಂದು ದಿನದ ಕೆಲಸ ಉಳಿಯುತ್ತೆ" ಎಂದರು. ಈಗ ಭಾನುವಾರಗಳಂದು ನಾನೂ ಮೊದಲ ಅಂತಸ್ತಿನ ನಿವೃತ್ತ ಮೇಷ್ಟ್ರೂ ಸೇರಿ, ಒಪ್ಪಿದ ಮನೆಗಳಲ್ಲಿ ತಂತಿ ಹೊಸೆದು, ಕೆಳಗೆ ಮೀಟರ್ ಹಿಡಿದು ಹುಡುಕುತ್ತಿದ್ದೇವೆ. 32 ಮನೆಗಳಲ್ಲಿ 11 ಮನೆಗಳ ಜೋಡಿಗಳಿಗೆ ಹೆಸರಿಟ್ಟಾಗಿದೆ, ಪಟ್ಟಿಯನ್ನು ಡಬ್ಬಿಯ ಬಾಗಿಲಿನ ಒಳಗೆ ಅಂಟಿಸಿದ್ದೇವೆ. ಬರುವ ತಿಂಗಳ ಸಂಘದ ಸಭೆಯಲ್ಲಿ ಉಳಿದ 21 ಮನೆಗಳ ಒಪ್ಪಿಗೆ ಕೇಳಲಿದ್ದೇನೆ.