ಹೆಪ್ಪಿನ ಕಲ್ಯಾಣಿ

"ಕೇಳಿದೆ ಸಾರ್, ಚೆನ್ನಾಗಿದೆ."

ಅಷ್ಟೇ. ಮೂರು ವಾರ ಇಟ್ಟುಕೊಂಡಿದ್ದ ಪೆನ್ ಡ್ರೈವನ್ನು ಗೇಟಿನ ಮೇಲಿಂದಲೇ ನನ್ನ ಅಂಗೈಗೆ ಹಾಕಿ, ಎದುರು ಮನೆಯವರು ವಾಕಿಂಗಿಗೆ ಹೊರಟುಹೋದರು. ಅದರಲ್ಲಿದ್ದದ್ದು ಕರ್ನಾಟಕ ಸಂಗೀತದ ಗಾಯಕ ಎಂ.ಡಿ. ರಾಮನಾಥನ್ ಅವರ ಮೂರು ಕಚೇರಿಗಳು. ರಾಮನಾಥನ್ ಹಾಡಿಕೆಯನ್ನು ಕೇಳಿದವರು ಒಂದೋ ಮಾರುಹೋಗಬೇಕು, ಇಲ್ಲವೇ ಈ ಪುಣ್ಯಾತ್ಮರು ಮುಂದಿನ ಸ್ವರಕ್ಕೆ ಹೋಗುವುದು ಯಾವಾಗ ಎಂದು ಗಡಿಯಾರ ನೋಡಬೇಕು. ಎರಡನೆಯದನ್ನು ಹೇಳಿದ್ದರೂ ನಾನು ಒಳಗೆ ಕರೆದು ಕಾಫಿ ಕೊಡುತ್ತಿದ್ದೆ. "ಚೆನ್ನಾಗಿದೆ" ಎನ್ನುವುದು ಉಪ್ಪಿಟ್ಟಿಗೆ ಹೇಳುವ ಮಾತು. ಅದೂ ಬೇರೆಯವರ ಮನೆಯ ಉಪ್ಪಿಟ್ಟಿಗೆ.

ಕೇಳಿದ ಸಂಗೀತದ ಬಗ್ಗೆ ಇನ್ನೊಬ್ಬರಿಗೆ ಹೇಗೆ ಹೇಳಬೇಕು ಎಂಬ ವಿಷಯದಲ್ಲಿ ನನ್ನದೊಂದು ಸಿದ್ಧಾಂತವಿದೆ. ಅದನ್ನು ಬರೆಯಬೇಕೆಂದೇ ಇವತ್ತು ಕುಳಿತಿದ್ದೇನೆ. ಅದಕ್ಕೆ ಮೊದಲು ಮೈಸೂರು ಮಹಾರಾಜರ ವಿಷಯ ಹೇಳದೆ ಇರಲಾರೆ. ಜಯಚಾಮರಾಜ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರೆಂಬುದು ಎಲ್ಲರಿಗೂ ಗೊತ್ತು. ಅವರಿಗೆ ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳ ಹುಚ್ಚೂ ಅಷ್ಟೇ ಇತ್ತು. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ಕಷ್ಟದಲ್ಲಿ ದಿನ ದೂಡುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ವೃದ್ಧ ಸಂಗೀತಗಾರರ ಕೃತಿಗಳು ಅವರಿಗೆ ಬಹಳ ಹಿಡಿಸಿದವು. "ಚೆನ್ನಾಗಿದೆ" ಎಂದು ಒಂದು ಕಾಗದ ಬರೆಸಿ ಸುಮ್ಮನಿರಬಹುದಿತ್ತು. ಅವರು ಹಣ ಕೊಟ್ಟು, 1940ರ ದಶಕದ ಕೊನೆಯಲ್ಲಿ, ಆ ವೃದ್ಧರಿಂದಲೇ ಪಿಯಾನೊ ನುಡಿಸಿ ರೆಕಾರ್ಡುಗಳನ್ನು ಹೊರತರಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ನಮ್ಮ ಎದುರು ಮನೆಯವರಿಂದ ನಾನು ಇಷ್ಟನ್ನೆಲ್ಲ ನಿರೀಕ್ಷಿಸಿರಲಿಲ್ಲ. ಎರಡು ವಾಕ್ಯ ಸಾಕಾಗಿತ್ತು.

ಮಾತನಾಡುವವರು ಸಿಕ್ಕಿದರೆ ಸುಖವೇ ಎಂದರೆ, ಅದೂ ಇಲ್ಲ. ಪ್ರತಿ ತಿಂಗಳ ಎರಡನೆಯ ಭಾನುವಾರ ಬಸವನಗುಡಿಯ ಒಂದು ಮನೆಯ ಮಹಡಿಯಲ್ಲಿ ನಾವು ಏಳೆಂಟು ಜನ ಸೇರುತ್ತೇವೆ. ಒಬ್ಬರು ಒಂದು ಧ್ವನಿಮುದ್ರಣ ತಂದು ಕೇಳಿಸಬೇಕು, ಮುಗಿದ ಮೇಲೆ ಮಾತು ಎಂಬುದು ನಿಯಮ. ಒಬ್ಬರಿಗೆ ತಂಬೂರಿ ಕೇಳಿಸಿದ ಅರ್ಧ ನಿಮಿಷದೊಳಗೆ ರಾಗದ ಹೆಸರು ಹೇಳದಿದ್ದರೆ ಉಸಿರು ಕಟ್ಟುತ್ತದೆ. ಇನ್ನೊಬ್ಬರು ಬೆರಳೆತ್ತಿ, "ಈಗ ಬರುತ್ತದೆ ನೋಡಿ ಒಂದು ಸಂಗತಿ" ಎನ್ನುತ್ತಾರೆ. ಅವರು ಹಾಗೆನ್ನುವಷ್ಟರಲ್ಲಿ ಅದು ಬಂದು ಹೋಗಿರುತ್ತದೆ. ಮತ್ತೊಬ್ಬರು, ಏನನ್ನು ಹಾಕಿದರೂ, ಆ ವಿದ್ವಾಂಸರನ್ನು ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಚಪ್ಪರದಲ್ಲಿ ಮೊದಲ ಸಾಲಿನಲ್ಲಿ ಕುಳಿತು ಕೇಳಿದವರು. ಅಲ್ಲಿ ಮೊದಲ ಸಾಲಿನಲ್ಲಿ ಕುಳಿತಿದ್ದೆ ಎನ್ನುವವರನ್ನು ಈ ಊರಿನಲ್ಲಿ ನಾನು ಎಷ್ಟು ಜನರನ್ನು ಕಂಡಿದ್ದೇನೆಂದರೆ, ಅಷ್ಟೂ ಜನ ನಿಜವಾಗಿ ಕುಳಿತಿದ್ದರೆ ಆ ಸಾಲು ಮಕ್ಕಳ ಕೂಟದ ವೃತ್ತವನ್ನು ಬಳಸಿಕೊಂಡು ಹೋಗಬೇಕಿತ್ತು.

ಇವರನ್ನೆಲ್ಲ ಸಹಿಸಬಹುದು. ನಾನು ಸಹಿಸಲಾರದೆ ಹೋದದ್ದು ನಮ್ಮ ಗುಂಪಿನ ಹಿರಿಯರೊಬ್ಬರನ್ನು. ಬ್ಯಾಂಕಿನಿಂದ ನಿವೃತ್ತರಾದವರು, ಇಲ್ಲಿ ಸಂಶೋಧಕರು ಎಂದಷ್ಟೇ ಕರೆಯುತ್ತೇನೆ. ಕಳೆದ ಸಲ ಅವರು ಲ್ಯಾಪ್‌ಟಾಪ್ ತೆರೆದು, ಬಹಳ ಅಪರೂಪದ್ದು, ಯಾರ ಬಳಿಯೂ ಇಲ್ಲದ್ದು ಎಂದು ಪೀಠಿಕೆ ಹಾಕಿ ಒಂದು ಕಲ್ಯಾಣಿ ರಾಗದ ಮುದ್ರಣ ಹಾಕಿದರು. ಹಾಡಿದವರ ಹೆಸರನ್ನು ನಾನು ಬರೆಯುವುದಿಲ್ಲ, ಬರೆದರೆ ಜಗಳ ಇಲ್ಲಿಗೂ ಬರುತ್ತದೆ. ಆಲಾಪನೆ ಏರುತ್ತಾ ಏರುತ್ತಾ ತಾರಸ್ಥಾಯಿಯ ಹೊಸ್ತಿಲಿಗೆ ಬಂದು, ಮೇಲಿನ ಷಡ್ಜಕ್ಕೆ ಒಂದೇ ಮೆಟ್ಟಿಲು ಕೆಳಗಿನ ಸ್ವರವಾದ ನಿಷಾದದಲ್ಲಿ ನಿಂತಿತು. ಆಗ, ಪಿಟೀಲಿನ ಹಿಂದಿನಿಂದೆಲ್ಲೋ, ಒಂದು ಹೆಂಗಸಿನ ಧ್ವನಿ ಸ್ಪಷ್ಟವಾಗಿ ಕೇಳಿಸಿತು:

"ಹಾಲಿಗೆ ಹೆಪ್ಪು ಹಾಕಿದೆಯೇನೇ?"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅದು ನನ್ನ ಸೋದರತ್ತೆಯ ಧ್ವನಿ.

ಆ ರಾತ್ರಿ ನಾನೂ ಅಲ್ಲಿದ್ದೆ. ಚಾಮರಾಜಪೇಟೆಯ ವಠಾರದ ಮನೆ. ಮಾವನಿಗೆ ಅವರ ತಮ್ಮ ಪರದೇಶದಿಂದ ಟೇಪ್ ರೆಕಾರ್ಡರ್ ತಂದುಕೊಟ್ಟಿದ್ದ ಹೊಸತು. ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶನಿವಾರ ರಾತ್ರಿ 9.30ಕ್ಕೆ. ರೇಡಿಯೋದಿಂದ ನೇರವಾಗಿ ಟೇಪಿಗೆ ಹಿಡಿಯುವ ವೈರು ಮಾವನ ಬಳಿ ಇರಲಿಲ್ಲ, ಇದ್ದರೂ ಅದನ್ನು ನಂಬುವ ಜನ ಅವರಲ್ಲ. ರೇಡಿಯೋದ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಮಡಿಸಿದ ಟವಲು, ಅದರ ಮೇಲೆ ರೆಕಾರ್ಡರು. ಫ್ಯಾನು ಬಂದ್. ಮಕ್ಕಳು ಚಾಪೆಯ ಮೇಲೆ ಕೈಕಟ್ಟಿ ಕೂರಬೇಕು, ಕೆಮ್ಮು ಬರುವವರು ಮೊದಲೇ ಹೊರಗೆ ಹೋಗಬೇಕು. ಉದ್ಘೋಷಕಿಯ ಮಾತು ಟೇಪಿನ ಜಾಗ ತಿನ್ನುತ್ತದೆಂದು ಮಾವ ಅದು ಮುಗಿಯುವವರೆಗೆ ಗುಂಡಿ ಒತ್ತಲಿಲ್ಲ. ತೊಂಬತ್ತು ನಿಮಿಷದ ಕ್ಯಾಸೆಟ್ಟು, ನಲವತ್ತೈದಕ್ಕೆ ತಿರುಗಿಸಿ ಹಾಕಬೇಕು. ತಿರುಗಿಸುವಾಗ ಹೋಗುವ ನಾಲ್ಕು ಆವರ್ತಗಳಿಗಾಗಿ ಅವರು ಹೆತ್ತ ಮಗುವನ್ನು ಕಳೆದುಕೊಂಡವರಂತೆ ಸಂಕಟಪಡುತ್ತಿದ್ದರು. ಇಂಥ ಮನೆಯಲ್ಲಿ, ಇಂಥ ನಿಷಾದದ ಮೇಲೆ, ಅಡುಗೆಮನೆಯಿಂದ ಆ ಮಾತು ಬಂತು. ಮಾವ ನಾಲ್ಕು ದಿನ ಅತ್ತೆಯ ಜೊತೆ ಮಾತನಾಡಲಿಲ್ಲ.

ಆದರೂ ಆ ಟೇಪು ಊರೆಲ್ಲ ಸುತ್ತಿತು. ಮಾವನ ಆಫೀಸಿನವರು ನಕಲು ಮಾಡಿಕೊಂಡರು, ನಕಲಿನ ನಕಲು ಮಲ್ಲೇಶ್ವರಕ್ಕೆ ಹೋಯಿತು. ಟೇಪಿನ ವೇಗ ಒಂದೊಂದು ಯಂತ್ರದಲ್ಲಿ ಒಂದೊಂದು ಆದ್ದರಿಂದ ಮನೆಯಿಂದ ಮನೆಗೆ ಶ್ರುತಿ ಏರುತ್ತಾ ಹೋಯಿತು. ಸಂಶೋಧಕರ ಪ್ರತಿಯಲ್ಲಿ ವಿದ್ವಾಂಸರು ಇಪ್ಪತ್ತು ವರ್ಷ ಚಿಕ್ಕವರಾಗಿದ್ದಾರೆ.

ಇದನ್ನೆಲ್ಲ ನಾನು ಹೇಳಿದೆ. ಸಂಶೋಧಕರು ಕನ್ನಡಕ ತೆಗೆದು ಒರೆಸಿಕೊಂಡರು.

"ಇದು ರೇಡಿಯೋದ್ದಲ್ಲ," ಎಂದರು. "ಆಕಾಶವಾಣಿಯ ಸ್ಟುಡಿಯೋದಲ್ಲಿ ಹೆಪ್ಪು ಹಾಕುವವರು ಯಾರಿದ್ದಾರೆ?"

"ಸ್ಟುಡಿಯೋದಲ್ಲಿ ಅಲ್ಲ ಸಾರ್, ನಮ್ಮ ಅತ್ತೆಯ ಅಡುಗೆಮನೆಯಲ್ಲಿ."

"ಮೂಲ ಟೇಪು ಇದೆಯೇ ನಿಮ್ಮ ಹತ್ತಿರ?"

ಇರಲಿಲ್ಲ. ಅದರ ಮೇಲೆ ನನ್ನ ತಂಗಿಯ ಮದುವೆಯ ನಾಗಸ್ವರ ಕುಳಿತಿದೆ. ಅದನ್ನು ಒಪ್ಪಿಕೊಂಡದ್ದೇ ತಪ್ಪಾಯಿತು. ಸಂಶೋಧಕರು ತಮ್ಮ ನಿರ್ಣಯವನ್ನು ಸಭೆಯ ಮುಂದಿಟ್ಟರು. ಇದು ಗೃಹ ಕಚೇರಿ. ಮಾತಿನ ಧಾಟಿಯಿಂದ ಮೈಸೂರಿನ ಅಗ್ರಹಾರದ ದೊಡ್ಡ ಮನೆ ಎನ್ನಬಹುದು. ನಡುವೆ ಸಂಗೀತ ಕಡಿಯುವುದು ಸ್ಪೂಲು ಬದಲಾಯಿಸಿದಾಗ. ಹೆಪ್ಪು ಹಾಕುವ ಹೊತ್ತಾದ್ದರಿಂದ ರಾತ್ರಿ ಹತ್ತರ ಸುಮಾರು. ಚಳಿಗಾಲವೇ ಇರಬೇಕು, ಏಕೆಂದರೆ ಚಳಿಯಲ್ಲಿ ಹಾಲು ಬೆಚ್ಚಗಿರುವಾಗಲೇ ಹೆಪ್ಪು ಬೀಳಬೇಕು. ಆ ಧ್ವನಿಯಲ್ಲಿರುವ ಆತುರವನ್ನು ಗಮನಿಸಿ. ಅಷ್ಟಕ್ಕೇ ಬಿಡಲಿಲ್ಲ. ಆ ಜಾಗವನ್ನು ಮತ್ತೆ ಮೂರು ಸಲ ಹಾಕಿ, "ನೋಡಿ, ಮನೆಯೊಡತಿ ಮಾತನಾಡಿದ ಮೇಲೆ ಅವರು ನಿಷಾದವನ್ನು ಬಿಡುವುದಿಲ್ಲ. ಇನ್ನೂ ಎರಡು ಉಸಿರು ಅಲ್ಲೇ ನಿಲ್ಲುತ್ತಾರೆ. ಆಕೆಯ ಮಾತಿಗೆ ಜಾಗ ಬಿಟ್ಟುಕೊಟ್ಟು, ನಕ್ಕು, ಆಮೇಲೆ ಷಡ್ಜ. ಅದು ಸಂಸ್ಕಾರ" ಎಂದರು.

ಹಾಡಿದವರು ಆ ಹೊತ್ತಿನಲ್ಲಿ ನಮ್ಮ ಅತ್ತೆಯ ಅಡುಗೆಮನೆಯಿಂದ ಇನ್ನೂರು ಮೈಲಿ ಆಚೆ ಮದರಾಸಿನಲ್ಲಿದ್ದರು. ಆದರೆ ಮಹಡಿಯಲ್ಲಿದ್ದ ಅಷ್ಟೂ ಜನ "ಆಹಾ" ಎಂದರು. ಬೆರಳೆತ್ತುವವರ ಕಣ್ಣಲ್ಲಿ ನೀರಿತ್ತು. ಆ ಧ್ವನಿಮುದ್ರಣಕ್ಕೆ ಅವತ್ತೇ 'ಹೆಪ್ಪಿನ ಕಲ್ಯಾಣಿ' ಎಂದು ನಾಮಕರಣವೂ ಆಯಿತು.

ನಾನು ಸಿಟ್ಟಿನಲ್ಲಿ ಮನೆಗೆ ಬಂದೆ. ಗಾಯಕಿ ಗೌಹರ್ ಜಾನ್ ಎಷ್ಟು ಬುದ್ಧಿವಂತೆ ಎನಿಸಿತು. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದಾಗ ಮೂರು ನಿಮಿಷದ ಕೊನೆಗೆ ಆಕೆ ಕೂಗಿ ಹೇಳುತ್ತಿದ್ದಳು, "ಮೈ ನೇಮ್ ಈಸ್ ಗೌಹರ್ ಜಾನ್!" ರೆಕಾರ್ಡು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನವರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ. ಆಕೆ ಕೊನೆಗೆ ಮೈಸೂರಿಗೆ ಬಂದು, ಅರಮನೆಯ ಆಶ್ರಯದಲ್ಲಿದ್ದು, 1930ರಲ್ಲಿ ಅಲ್ಲೇ ತೀರಿಕೊಂಡಳು. ನಮ್ಮ ಅತ್ತೆಯೂ ಹೆಪ್ಪಿನ ವಿಚಾರ ಮುಗಿಸಿ, ತನ್ನ ಹೆಸರು, ಚಾಮರಾಜಪೇಟೆ, ಇಷ್ಟನೆಯ ಅಡ್ಡರಸ್ತೆ ಎಂದು ಒಂದು ಮಾತು ಸೇರಿಸಿದ್ದರೆ ಇವತ್ತು ಮೈಸೂರಿನ ಅಗ್ರಹಾರದವರಿಗೆ ಈ ಪುಕ್ಕಟೆ ಕೀರ್ತಿ ಹೋಗುತ್ತಿರಲಿಲ್ಲ.

ನನ್ನ ಸಿದ್ಧಾಂತ ಬಾಕಿ ಇದೆ, ಗೊತ್ತು. ಆದರೆ ಸಾಕ್ಷಿ ಒದಗಿಸುವುದು ಮೊದಲು ಎನಿಸಿ, ಅತ್ತೆಯ ಮಗಳಿಗೆ ರಾತ್ರಿಯೇ ಫೋನ್ ಮಾಡಿದೆ. ಈಗ ಅವಳು ರಾಜಾಜಿನಗರದಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡಿದ್ದಾಳೆ. ಸಂಶೋಧಕರಿಂದ ಬೇಡಿ ತಂದಿದ್ದ ಆ ಭಾಗವನ್ನು ಕಳುಹಿಸಿದೆ. ಐದು ನಿಮಿಷಕ್ಕೆ ಅವಳೇ ಕರೆ ಮಾಡಿದಳು.

"ಇದು ಅಮ್ಮನ ಧ್ವನಿ ಅಲ್ಲವೋ."

"ಹೇಗೆ ಅಲ್ಲ? ಮಾವ ನಾಲ್ಕು ದಿನ ಮಾತು ಬಿಟ್ಟಿರಲಿಲ್ಲವೇ?"

"ಅದು ಸೀಮೆಎಣ್ಣೆ ಡಬ್ಬ ಉರುಳಿಸಿದ್ದಕ್ಕೆ. ನಮ್ಮ ಮನೆಯಲ್ಲಿ ಹೆಪ್ಪು ಹಾಕುತ್ತಿದ್ದವಳು ಅಮ್ಮ ಒಬ್ಬಳೇ, ನಮ್ಮನ್ನು ಹಾಲಿನ ಪಾತ್ರೆ ಮುಟ್ಟಲೂ ಬಿಡುತ್ತಿರಲಿಲ್ಲ. ಹಾಕಿದೆಯಾ ಎಂದು ಅವಳು ಯಾರನ್ನು ಕೇಳುತ್ತಾಳೆ? ಇದು ಗೋಡೆಯಾಚೆಯ ಮನೆಯವರ ಧ್ವನಿ. ಅವರು ಮೈಸೂರಿನ ಕಡೆಯವರು, ಮರೆತುಬಿಟ್ಟೆಯಾ?"

ಆಮೇಲೆ ಕೇಳಿದಳು, "ಸಂಗೀತ ಯಾರದು? ಚೆನ್ನಾಗಿದೆ."

ಬರುವ ಭಾನುವಾರ ಬಸವನಗುಡಿಗೆ ಹೋಗುತ್ತೇನೆ. ಮೈಸೂರಿನ ಕಡೆಯವರು ಎಂಬ ವಿಷಯವನ್ನು ಮಾತ್ರ ಸಂಶೋಧಕರ ಮುಂದೆ ಬಾಯಿ ಬಿಡುವುದಿಲ್ಲ.