ಶೇ 99 ಮಂದಿ ಸೋಲುವ ಲೆಕ್ಕ: ಮಾಡುವ ವಿಧಾನ

ಬೇಕಾಗುವ ಸಾಮಗ್ರಿ: ಸೇಬು ಐದು, ಬಾಳೆಹಣ್ಣಿನ ಚಿಪ್ಪು ನಾಲ್ಕು, ಒಡೆದ ತೆಂಗಿನಕಾಯಿ ಒಂದೂವರೆ. ಪೂಜೆಗಲ್ಲ. ಇವುಗಳ ಜೊತೆಗೆ ಭಾಗಾಕಾರದ ಚಿಹ್ನೆ ಒಂದು, ಆವರಣ ಒಂದು ಜೊತೆ, ಯಾರೂ ಎಣಿಸದ ಶೇಕಡಾವಾರು ಒಂದು, ಕಣ್ಣು ಕುಕ್ಕುವ ಹಳದಿ ಹಿನ್ನೆಲೆ, ರುಚಿಗೆ ತಕ್ಕಷ್ಟು ಐನ್‌ಸ್ಟೈನ್. ಇಷ್ಟಿದ್ದರೆ 38 ಜನರ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಒಂದು ಭಾನುವಾರಕ್ಕೆ ಸಾಲುವಷ್ಟು ಜಗಳ ತಯಾರಾಗುತ್ತದೆ. ಅಪಾರ್ಟ್‌ಮೆಂಟ್ ನಿವಾಸಿಗಳ ಗುಂಪಾದರೆ ಅರ್ಧದಷ್ಟು ಸಾಕು. ಅಲ್ಲಿ ಪಾರ್ಕಿಂಗ್ ವಿಷಯದ ಹೆಪ್ಪು ಮೊದಲೇ ಇರುತ್ತದೆ.

ಶೇಕಡಾವಾರಿನಿಂದ ಶುರು ಮಾಡಬೇಕು. ‘ಈ ಲೆಕ್ಕದಲ್ಲಿ ಶೇ 99 ಮಂದಿ ತಪ್ಪುತ್ತಾರೆ’ ಎಂದು ಕೆಂಪಕ್ಷರದಲ್ಲಿ ಮೇಲೆ ಬರೆಯಿರಿ. 38 ಜನರ ಗುಂಪಿನಲ್ಲಿ ಉಳಿದ ಶೇ 1 ಎಂದರೆ 0.38 ಜನ, ಅಂದರೆ ಒಬ್ಬ ಚಿಕ್ಕಪ್ಪನ ಸೊಂಟದಿಂದ ಕೆಳಗಿನ ಭಾಗಕ್ಕೂ ಸಾಲದು. ವಾಟ್ಸ್ಆ್ಯಪ್ ಗುಂಪಿಗೆ ಈಗ ಗರಿಷ್ಠ 1024 ಮಂದಿಯನ್ನು ಸೇರಿಸಬಹುದಾದ್ದರಿಂದ, ತುಂಬಿದ ಗುಂಪಿನಲ್ಲೂ ಗೆಲ್ಲುವವರು ಹತ್ತು ಚಿಲ್ಲರೆ. ಆದರೆ ಓದಿದ 38 ಜನರೂ ಆ 0.38 ತಾವೇ ಎಂದು ನಂಬುತ್ತಾರೆ. ವ್ಯಾಪಾರ ನಿಂತಿರುವುದೇ ಈ ನಂಬಿಕೆಯ ಮೇಲೆ.

ಇನ್ನು ಹಣ್ಣು. ಮೊದಲ ಸಾಲು: ಸೇಬು + ಸೇಬು + ಸೇಬು = 30. ಇದನ್ನು ಎರಡನೇ ಕ್ಲಾಸಿನ ಮಗುವೂ ಬಿಡಿಸಬೇಕು, ಬಿಡಿಸಿದ ದೊಡ್ಡವರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರಬೇಕು. ಎರಡನೇ ಸಾಲು: ಒಂದು ಸೇಬು, ಎರಡು ಚಿಪ್ಪು ಬಾಳೆಹಣ್ಣು, ಮೊತ್ತ 18. ಚಿಪ್ಪಿಗೆ 4 ಬಂತು. ಮೂರನೆಯದು: ಚಿಪ್ಪಿನಿಂದ ತೆಂಗಿನಕಾಯಿ ಕಳೆದರೆ 2. ಕಾಯಿಗೂ 2. ಕಾಯಿಯನ್ನು ಇಲ್ಲಿ ಎರಡು ಹೋಳಾಗಿ ಇಟ್ಟಿರಬೇಕು, ಚಿಪ್ಪಿನಲ್ಲಿ ನಾಲ್ಕು ಹಣ್ಣಿರಬೇಕು. ಕೊನೆಯ ಸಾಲಿನಲ್ಲಿ ಕಾಯಿ + ಸೇಬು + ಬಾಳೆಹಣ್ಣು ಎಷ್ಟು ಎಂದು ಕೇಳುವಾಗ ಸದ್ದಿಲ್ಲದೆ ಒಂದು ಹೋಳು ತೆಗೆಯಿರಿ, ಚಿಪ್ಪಿನಿಂದ ಒಂದು ಹಣ್ಣು ಕೀಳಿರಿ.

ಈಗ ನೋಡದೆ ಕೂಡಿದವರಿಗೆ 16, ಬಾಳೆಹಣ್ಣು ಎಣಿಸಿದವರಿಗೆ 15, ಹೋಳನ್ನೂ ಗಮನಿಸಿದವರಿಗೆ 14. ಚಿತ್ರ ಫೋನಿನಿಂದ ಫೋನಿಗೆ ಸ್ಕ್ರೀನ್‌ಶಾಟ್ ಆಗಿ ಬರುವಷ್ಟರಲ್ಲಿ ಮಸುಕಾಗಿರುತ್ತದೆ. ಮೂರು ಹಣ್ಣಿಗೂ ನಾಲ್ಕು ಹಣ್ಣಿಗೂ ಇರುವ ವ್ಯತ್ಯಾಸ ಪರದೆಯ ಮೇಲೆ ಎರಡು ಮಿಲಿಮೀಟರ್ ಇದ್ದರೆ ಹೆಚ್ಚು. ಆದ್ದರಿಂದ ಚಾಳೀಸು ಹಾಕಿಕೊಂಡವರು ಮೇಧಾವಿಗಳು, ಅದನ್ನು ಟೀವಿ ಮೇಲೆ ಮರೆತು ಬಂದವರು ದಡ್ಡರು. ಬುದ್ಧಿಮತ್ತೆಯ ಪರೀಕ್ಷೆ ಎಂದು ಹಂಚುವ ಈ ವಸ್ತು ಅಸಲಿಗೆ ಕಣ್ಣಾಸ್ಪತ್ರೆಯ ಗೋಡೆಗೆ ಸೇರಿದ್ದು.

ಖಾರ ಇನ್ನೂ ಬೇಕೆನ್ನುವವರು ಕೊನೆಯ ಸಾಲಿನ ಎರಡನೇ ಕೂಡುವ ಚಿಹ್ನೆಯನ್ನು ಗುಣಿಸುವ ಚಿಹ್ನೆ ಮಾಡಬಹುದು. ಎಲ್ಲ ಗಮನಿಸಿ ಗುಣಾಕಾರ ಮೊದಲು ಮಾಡಿದವರಿಗೆ 31. ಎಲ್ಲ ಗಮನಿಸಿ, ಎಡದಿಂದ ನುಗ್ಗಿದವರಿಗೆ 33. ಚಾಳೀಸಿಲ್ಲದ ಶಿಸ್ತಿನವರಿಗೆ 42, ಚಾಳೀಸೂ ಶಿಸ್ತೂ ಇಲ್ಲದವರಿಗೆ 48. ನಡುವೆ 32, 41 ಎನ್ನುವ ಬೆರಕೆ ಪಕ್ಷೇತರರೂ ಇರುತ್ತಾರೆ. ಇಷ್ಟೊಂದು ಬಣಗಳನ್ನು ಒಂದೇ ಚಿಹ್ನೆಯಿಂದ ಹುಟ್ಟಿಸುವುದು ರಾಜಕೀಯ ಪಕ್ಷಗಳಿಗೂ ಕಷ್ಟ.

ಆದರೆ ಹಣ್ಣಿನ ಲೆಕ್ಕಕ್ಕೆ ಆಯುಸ್ಸು ಕಡಿಮೆ. ಯಾರಾದರೂ ಚಿತ್ರ ಹಿಗ್ಗಿಸಿ ತೋರಿಸಿದರೆ ಮುಗಿಯಿತು. ಕೆಡದ ಸರಕು ಬೇಕಾದರೆ ಇದು:

6÷2(1+2)

ಉಪ್ಪಿನಕಾಯಿ ಇದ್ದ ಹಾಗೆ. 2011ರ ಹೊತ್ತಿಗೆ ಜಗತ್ತೆಲ್ಲ ಸುತ್ತಿದ್ದು, 2019ರಲ್ಲಿ 8÷2(2+2) ಎಂಬ ಹೊಸ ಜಾಡಿಯಲ್ಲಿ ಮತ್ತೆ ಬಂತು, ಈಗಲೂ ತಿಂಗಳಿಗೊಮ್ಮೆ ಬರುತ್ತದೆ. ಇದರ ತಯಾರಿಕೆಯಲ್ಲಿ ಎಲ್ಲ ಜಾಣ್ಮೆಯೂ 2 ಮತ್ತು ಆವರಣದ ನಡುವಿನ ಖಾಲಿ ಜಾಗದಲ್ಲಿದೆ. ಅಲ್ಲಿ ಗುಣಿಸುವ ಚಿಹ್ನೆ ಹಾಕಬಾರದು. ಹಾಕಿದರೆ 6÷2×3 ಆಗಿ, ಎಡದಿಂದ ಬಲಕ್ಕೆ ಮಾಡಿ, 9 ಎಂದು ಎಲ್ಲರೂ ಒಪ್ಪಿ ಊಟಕ್ಕೆ ಎದ್ದುಬಿಡುತ್ತಾರೆ. ಚಿಹ್ನೆ ಇಲ್ಲದಿದ್ದರೆ 2(3) ಅಂಟಿಕೊಂಡ ಒಂದೇ ಮೊತ್ತದಂತೆ ಕಾಣುತ್ತದೆ. ಬೀಜಗಣಿತದಲ್ಲಿ 6÷2ಕ ಎಂದು ಬರೆದಿದ್ದರೆ ‘2ಕ’ವನ್ನು ಬಿಡಿಸಿ ಓದುವವರು ಕಡಿಮೆ. ಹಾಗೆ ಓದಿದರೆ 6÷6, ಉತ್ತರ 1. ಎರಡೂ ಓದಿಗೆ ಬಳಕೆಯ ಬೆಂಬಲವಿದೆ. ವಿಜ್ಞಾನದ ವಿದ್ಯಾರ್ಥಿಗಳು ಬಳಸುವ ಕ್ಯಾಲ್ಕುಲೇಟರುಗಳಲ್ಲೇ ಒಂದು ಮಾದರಿ 1 ಎಂದರೆ ಇನ್ನೊಂದು 9 ಎನ್ನುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೊ ತೆಗೆದು ಗುಂಪಿಗೆ ಹಾಕಿದವರು ಜಗಳ ನಿಲ್ಲಿಸಲು ಹಾಕಿದ್ದಲ್ಲ.

÷ ಚಿಹ್ನೆಯನ್ನು ಭಾಗಾಕಾರಕ್ಕೆ ಮೊದಲು ಅಚ್ಚು ಹಾಕಿಸಿದವನು ಸ್ವಿಟ್ಜರ್ಲೆಂಡಿನ ಯೋಹಾನ್ ರಾನ್, 1659ರಲ್ಲಿ. ಪಾಪ, ಅವನಿಗೆ ಕುಟುಂಬದ ಗುಂಪಿರಲಿಲ್ಲ. ಗಣಿತದ ಚಿಹ್ನೆಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 80000-2 ಆ ಚಿಹ್ನೆಯನ್ನೇ ಭಾಗಾಕಾರಕ್ಕೆ ಬಳಸಬೇಡಿ ಎನ್ನುತ್ತದೆ. ಹೈಸ್ಕೂಲು ದಾಟಿದ ಮೇಲೆ ಯಾರೂ ಬಳಸುವುದೂ ಇಲ್ಲ. ಗೆರೆ ಎಳೆದು ಮೇಲೆ ಕೆಳಗೆ ಬರೆಯುತ್ತಾರೆ. ಹಾಗಾಗಿ ಇದು ಲೆಕ್ಕ ಬಾರದವರ ತಪ್ಪಲ್ಲ, ಲೆಕ್ಕ ಬರೆಯಲು ಬಾರದವರ ತಪ್ಪು. ಪೂರ್ಣವಿರಾಮವಿಲ್ಲದ ವಾಕ್ಯ ಕೊಟ್ಟು, ಓದಿದವನ ಕನ್ನಡ ಸರಿಯಿಲ್ಲ ಎಂದ ಹಾಗೆ.

ಈ ಲೆಕ್ಕವನ್ನು ಗುಂಪಿಗೆ ಬಿಟ್ಟ ಹತ್ತೇ ನಿಮಿಷದಲ್ಲಿ ‘ಬೋಡ್‌ಮಾಸ್ ಗೊತ್ತಿಲ್ವಾ?’ ಎಂಬ ಗರ್ಜನೆ ಕೇಳಿಸುತ್ತದೆ. ಗರ್ಜಿಸುವವರು ಸಾಮಾನ್ಯವಾಗಿ ಬ್ಯಾಂಕಿನಿಂದ ನಿವೃತ್ತರಾದ ದೊಡ್ಡಪ್ಪ. ಬೋಡ್‌ಮಾಸ್ ಎಂದರೆ ಲೆಕ್ಕ ಮಾಡುವ ಸರದಿಯ ಇಂಗ್ಲಿಷ್ ಮೊದಲಕ್ಷರಗಳು: ಆವರಣ, ‘ರ’ (‘ಹತ್ತರ ಅರ್ಧ’ ಎನ್ನುವಾಗಿನ ‘ರ’, ಇಂಗ್ಲಿಷಿನ ‘ಆಫ್’), ಭಾಗಾಕಾರ, ಗುಣಾಕಾರ, ಸಂಕಲನ, ವ್ಯವಕಲನ. ಇದರಲ್ಲಿ ಭಾಗಿಸುವುದೂ ಗುಣಿಸುವುದೂ ಸರಿಸಮ, ಮೊದಲು ಬಂದದ್ದನ್ನು ಮೊದಲು ಮಾಡಬೇಕು. ಕೂಡುವುದು, ಕಳೆಯುವುದೂ ಅಷ್ಟೇ. ಈ ಷರತ್ತು ಆ ಆರು ಅಕ್ಷರದಲ್ಲಿಲ್ಲ, ಆದ್ದರಿಂದ ಯಾರ ತಲೆಯಲ್ಲೂ ಇಲ್ಲ. ಕೂಡುವುದೇ ಮೊದಲು ಎಂದು ನಂಬಿದವರಿಗೆ 10−4+3 ಕೊಟ್ಟು ನೋಡಿ. 3 ಎನ್ನುತ್ತಾರೆ. ಅದು 9. ಇಷ್ಟಾಗಿಯೂ, ಅಂಟಿಕೊಂಡ 2(3)ರ ಬಗ್ಗೆ ಬೋಡ್‌ಮಾಸ್ ತುಟಿ ಬಿಚ್ಚುವುದಿಲ್ಲ. ಜಗಳ ಇರುವ ಒಂದೇ ಒಂದು ವಿಷಯದ ಬಗ್ಗೆ ಮೌನವಾಗಿರುವ ನಿಯಮವನ್ನು ಜಗಳದ ಇಬ್ಬರೂ ಸಾಕ್ಷಿಗೆ ಕರೆಯುತ್ತಾರೆ.

ನ್ಯೂಜೆರ್ಸಿಯ ಅಳಿಯಂದಿರು ಅಲ್ಲಿನ ಬೆಳಗಿನ ಕಾಫಿ ಹೊತ್ತಿಗೆ ಎದ್ದು, ಮಗಳ ಪಠ್ಯದಿಂದ ‘ಪೆಮ್‌ಡಾಸ್’ ತರುತ್ತಾರೆ. ಅದರಲ್ಲಿ ಗುಣಾಕಾರದ ಅಕ್ಷರ ಭಾಗಾಕಾರದ ಅಕ್ಷರಕ್ಕಿಂತ ಮುಂದಿದೆ. ನಿಯಮ ಒಂದೇ, ಅಕ್ಷರಗಳ ಸರದಿ ಬೇರೆ. ಆದರೆ ದೊಡ್ಡಪ್ಪನಿಗೆ ಇದು ಅಮೆರಿಕದ ಹಸ್ತಕ್ಷೇಪ. ‘ನಮ್ಮ ಕಾಲದ ಮೇಷ್ಟ್ರು ಇದ್ದಿದ್ರೆ ಬೆತ್ತ ತಗೋತಿದ್ರು’ ಎಂಬಲ್ಲಿಗೆ ಗಣಿತದ ಭಾಗ ಮುಗಿದು, ಹಳೇ ಮದುವೆಯಲ್ಲಿ ಯಾರು ಯಾರನ್ನು ಊಟಕ್ಕೆ ಕರೆಯಲಿಲ್ಲ ಎಂಬ ಭಾಗ ಶುರು.

ಸಣ್ಣ ಪ್ಯಾಕೆಟ್ಟಿನಲ್ಲಿ ಮಾರುವ ಸರಕೂ ಇದೆ. 1+4=5, 2+5=12, 3+6=21, ಹಾಗಾದರೆ 8+11 ಎಷ್ಟು? ಹಿಂದಿನ ಉತ್ತರವನ್ನೂ ಸೇರಿಸುತ್ತ ಹೋದರೆ 40. ಎರಡು ಸಂಖ್ಯೆ ಗುಣಿಸಿ ಮೊದಲನೆಯದನ್ನು ಕೂಡಿದರೆ 96. ಎರಡು ನಿಯಮವೂ ಮೇಲಿನ ಮೂರೂ ಸಾಲಿಗೆ ಚಾಚೂ ತಪ್ಪದೆ ಹೊಂದುತ್ತವೆ. 19 ಎಂದವನೊಬ್ಬನೇ ನಿಜ ಹೇಳಿದವನು, ಅವನಿಗೇ ನಗೆಯ ಇಮೋಜಿ. ‘ಮುಂದಿನ ಸಂಖ್ಯೆ ಯಾವುದು’ ಜಾತಿಯ ಪ್ರಶ್ನೆಗಳ ಗುಟ್ಟೇ ಇದು: ಯಾವ ಸರಣಿಯ ಮುಂದೆ ಯಾವ ಸಂಖ್ಯೆ ಬೇಕಾದರೂ ಇಟ್ಟು, ಅದಕ್ಕೆ ಹೊಂದುವ ಸೂತ್ರ ಕಟ್ಟಬಹುದು. 1, 2, 4, 8, 16 ಆದ ಮೇಲೆ 32 ಎಂದು ಎದೆ ತಟ್ಟುವವರು, ವೃತ್ತದ ಮೇಲೆ ಚುಕ್ಕಿ ಇಟ್ಟು, ಯಾವ ಮೂರು ಗೆರೆಯೂ ಒಂದೇ ಕಡೆ ಕೂಡದ ಹಾಗೆ ಎಲ್ಲವನ್ನೂ ಸೇರಿಸಿ, ಒಳಗಿನ ತುಂಡುಗಳನ್ನು ಎಣಿಸಲಿ. ಒಂದು ಚುಕ್ಕಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ 31.

ಹೋಟೆಲಿನ ಮೂರು ಗೆಳೆಯರ ಲೆಕ್ಕಕ್ಕೆ ಹೆಚ್ಚು ಜಾಗ ಬೇಡ. ಮೂವರೂ ಹತ್ತತ್ತು ಕೊಟ್ಟರು, ಬಿಲ್ಲು 25 ಎಂದು ಯಜಮಾನ 5 ವಾಪಸ್ ಕೊಟ್ಟ, ಮಾಣಿ 2 ಜೇಬಿಗಿಳಿಸಿ 3 ಹಂಚಿದ. ತಲಾ 9ರಂತೆ 27, ಮಾಣಿಯ 2, ಒಟ್ಟು 29. ಒಂದು ರೂಪಾಯಿ ಎಲ್ಲಿ? ಎಲ್ಲೂ ಹೋಗಿಲ್ಲ. ಮಾಣಿಯ 2 ಆ 27ರ ಒಳಗೇ ಇದೆ; ಅದನ್ನು ಕಳೆದು 25 ಮಾಡಬೇಕು, ಕೂಡಬಾರದು. ಮೂರು ಜನ 25 ರೂಪಾಯಿಗೆ ತಿಂಡಿ ತಿಂದ ಹೋಟೆಲು ಯಾವುದು ಎಂದು ಯಾರೂ ಕೇಳುವುದಿಲ್ಲ. ಈಗಿನ ದರದಲ್ಲಿ ಒಗಟು ಅದೇ.

ಮೇಲ್ದರ್ಜೆಯ ಸರಕಿಗೆ ‘ಐಎಎಸ್ ಸಂದರ್ಶನದಲ್ಲಿ ಕೇಳಿದ ಪ್ರಶ್ನೆ’ ಎಂಬ ಮುದ್ರೆ ಒತ್ತಬೇಕು. 1750 ಅಂಕಗಳ ಮೇನ್ಸ್ ಬರೆದು, 275 ಅಂಕಗಳ ಸಂದರ್ಶನಕ್ಕೆಂದು ದೆಹಲಿಯ ಧೋಲ್‌ಪುರ್ ಹೌಸ್ ಮೆಟ್ಟಿಲು ಹತ್ತಿದ ಅಭ್ಯರ್ಥಿಯನ್ನು ಮಂಡಳಿ ಕೂರಿಸಿಕೊಂಡು ‘ಆನೆಯನ್ನು ಒಂದು ಕೈಯಲ್ಲಿ ಎತ್ತುವುದು ಹೇಗೆ?’ ಎಂದು ಕೇಳುತ್ತದಂತೆ. ‘ಸಾರ್, ಒಂದು ಕೈಯ ಆನೆಯೇ ಇಲ್ಲವಲ್ಲ’ ಎಂದವನು ಜಿಲ್ಲಾಧಿಕಾರಿಯಂತೆ. ಇದು ‘ಎಲಿಫೆಂಟ್ ವಿತ್ ಒನ್ ಹ್ಯಾಂಡ್’ ಎಂಬ ಇಂಗ್ಲಿಷಿನ ಪದಗಳ ಜೋಡಣೆಯಲ್ಲಿ ಮಾತ್ರ ನಿಲ್ಲುವ ಚಮತ್ಕಾರ. ‘ಒಂದು ಕೈಯಲ್ಲಿ’ ಎಂಬ ಕನ್ನಡದ ವಿಭಕ್ತಿ ಆನೆಗೆ ಅಂಟುವುದಿಲ್ಲ, ಎತ್ತುವವನಿಗೇ ಅಂಟುತ್ತದೆ. ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದು: ಹಸ್ತವಿರುವುದಕ್ಕೇ ಆನೆಗೆ ‘ಹಸ್ತಿ’ ಎಂದು ಹೆಸರು, ಕರ ಇರುವುದಕ್ಕೇ ‘ಕರಿ’. ಸೊಂಡಿಲೇ ಅದರ ಕೈ. ಒಂದೇ ಕೈ ಇರುವ ಪ್ರಾಣಿ ಎಂದು ನಮ್ಮ ನಿಘಂಟು ಖಾತ್ರಿ ಕೊಡುವುದು ಆನೆಗೇ. ಕನ್ನಡ ಬಲ್ಲವರು ಮಂಡಳಿಯಲ್ಲಿದ್ದಿದ್ದರೆ ಆ ಜಿಲ್ಲಾಧಿಕಾರಿ ಮುಂದಿನ ವರ್ಷ ಮತ್ತೆ ಪ್ರಿಲಿಮ್ಸ್ ಬರೆಯಬೇಕಿತ್ತು.

ಅದೇ ಸಂದರ್ಶನದ ಎರಡನೇ ಪ್ರಶ್ನೆ: ಕಾಂಕ್ರೀಟ್ ನೆಲದ ಮೇಲೆ ಹಸಿ ಮೊಟ್ಟೆ ಹಾಕಿದರೂ ಒಡೆಯಬಾರದು, ಹೇಗೆ? ಹೇಗೆ ಹಾಕಿದರೂ ಸರಿ, ಕಾಂಕ್ರೀಟ್ ಒಡೆಯುವುದಿಲ್ಲವಂತೆ. ಮಳೆಗಾಲಕ್ಕೆ ಮುಂಚೆ ಹಾಕಿ ಮಳೆಗಾಲದಲ್ಲಿ ಎದ್ದುಬರುವ ನಮ್ಮ ವಾರ್ಡಿನ ಕಾಂಕ್ರೀಟಿನ ಬಗ್ಗೆ ಇಷ್ಟು ಧೈರ್ಯ ಗುತ್ತಿಗೆದಾರನಿಗೂ ಇಲ್ಲ.

ಐನ್‌ಸ್ಟೈನನ್ನು ಕೊನೆಯಲ್ಲಿ ಉದುರಿಸಬೇಕು, ಕೊತ್ತಂಬರಿಯಂತೆ. ಐದು ಮನೆ, ಐದು ಬಣ್ಣ, ಮೀನು ಸಾಕಿದವರು ಯಾರು ಎಂಬ ಲೆಕ್ಕವನ್ನು ಅವರೇ ಕಟ್ಟಿದರು, ಶೇ 98 ಮಂದಿಗೆ ಬಿಡಿಸಲಾಗದು ಎಂದರು ಎಂದು ಬರೆದರೆ ಆಯಿತು. ಅವರು ಹಾಗೆ ಹೇಳಿದ್ದಕ್ಕೆ ಒಂದು ಚೂರೂ ದಾಖಲೆಯಿಲ್ಲ. ಅವರು ತೀರಿಕೊಂಡದ್ದು 1955ರಲ್ಲಿ. ಇದೇ ಬಗೆಯ ಲೆಕ್ಕ ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಹೆಸರಾದದ್ದು 1962ರಲ್ಲಿ. ಲೆಕ್ಕವೇನೋ ಒಳ್ಳೆಯದೇ. ಕಾಗದದ ಮೇಲೆ ಐದು ಕಂಬ ಎಳೆದು, ಸುಳಿವುಗಳನ್ನು ಒಂದೊಂದಾಗಿ ತುಂಬುತ್ತ, ಕೂಡದ ಜಾಗಕ್ಕೆ ಕಾಟು ಹಾಕುತ್ತ ಹೋದರೆ ತಾಳ್ಮೆ ಇರುವ ಯಾರಿಗಾದರೂ ಮೀನು ಸಿಗುತ್ತದೆ, ಅದೂ ಒಬ್ಬನ ಮನೆಯಲ್ಲೇ. ಉತ್ತರ ಒಂದೇ ಇರುವುದರಿಂದ ಗುಂಪಿನಲ್ಲಿ ಇದಕ್ಕೆ ಬೇಡಿಕೆ ಕಡಿಮೆ.

ಸಾಗಾಣಿಕೆಯ ಬಗ್ಗೆ ಒಂದು ಮಾತು. ವದಂತಿಗಳ ಹಾವಳಿಗೆ 2018ರಲ್ಲಿ ಭಾರತದಲ್ಲಿ ಫಾರ್ವರ್ಡಿಗೆ ಐದರ ಮಿತಿ ಬಂತು. ಬಹಳ ಸುತ್ತಿದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಎಂದು 2020ರಲ್ಲಿ ಬಿಗಿಯಾಯಿತು. ಅಂಥದಕ್ಕೆ ಎರಡು ಬಾಣದ ಗುರುತು ಬೀಳುತ್ತದೆ. ಗ್ಯಾಲರಿಗೆ ಇಳಿಸಿಕೊಂಡು ಅಲ್ಲಿಂದ ಹೊಸದಾಗಿ ಕಳಿಸಿದರೆ ಬಾಣ ಮಾಯ, ಬಾಳೆಹಣ್ಣು ಈಗಷ್ಟೇ ಗೊನೆಯಿಂದ ಕೊಯ್ದಂತೆ.

ಈ ಉದ್ಯಮಕ್ಕೆ ಇರುವ ಅಪಾಯ ಒಂದೇ. ‘ಅಂಕುಡೊಂಕಿನ ಬಾವಿ, ಇಣುಕಿ ನೋಡಿದರೆ ಹನಿ ನೀರಿಲ್ಲ’ ಎಂದು ಅಜ್ಜಿ ಕೇಳುತ್ತಿದ್ದಾಗ, ಮಕ್ಕಳು ಸೋತ ಮೇಲೆ ಅಜ್ಜಿ ಕಿವಿ ಹಿಡಿದು ತೋರಿಸುತ್ತಿದ್ದಳು. ಅಲ್ಲಿಗೆ ಯಾರಿಗೂ ತಕರಾರಿರುತ್ತಿರಲಿಲ್ಲ. ಕೇಳುವವರ ಕೈಯಲ್ಲಿ ಉತ್ತರ ಇರಲೇಬೇಕು ಎಂಬುದು ಆಗಿನ ಕಟ್ಟಳೆ. ಗುಂಪಿಗೂ ಆ ಅಭ್ಯಾಸ ಅಂಟಿತೋ, ಕೆಟ್ಟಿತು. ಸಾಮಾನ್ಯವಾಗಿ ಅದನ್ನು ಅಂಟಿಸಲು ನೋಡುವುದು ಅಮ್ಮನ ಫೋನಿನಿಂದ ಬರೆಯುವ ಏಳನೇ ಕ್ಲಾಸಿನ ಹುಡುಗಿ:

‘ಗೆರೆ ಎಳೆದು ಮೇಲೆ 6, ಕೆಳಗೆ 2(1+2) ಬರೆದ್ರೆ 1 ಬರತ್ತೆ. 6ರ ಕೆಳಗೆ 2 ಮಾತ್ರ ಬರೆದು (1+2) ಪಕ್ಕಕ್ಕಿಟ್ರೆ 9 ಬರತ್ತೆ. ಯಾವುದು ಅಂತ ಕೇಳಿದವರು ಮೊದಲು ಹೇಳ್ಬೇಕು.’

ಮೂರು ನಿಮಿಷ ಗುಂಪು ಸ್ತಬ್ಧ. ಆಮೇಲೆ ದೊಡ್ಡಪ್ಪ: ‘ಪುಟ್ಟಿ, ಹೋಮ್‌ವರ್ಕ್ ಆಯ್ತಾ?’

ಹುಡುಗಿ ಬಿಡುವುದಿಲ್ಲ. ‘ಆಯ್ತು ದೊಡ್ಡಪ್ಪ. ಅತ್ತೆ, ನೀವೇ ಅಲ್ವಾ ಕಳ್ಸಿದ್ದು, ಉತ್ತರ ಎಷ್ಟು?’

‘ಗೊತ್ತಿಲ್ಲ ಕಣೇ. ನನಗೂ ಎಲ್ಲಿಂದಲೋ ಬಂತು, ಚೆನ್ನಾಗಿದೆ ಅಂತ ಕಳಿಸ್ದೆ.’